ಮನೆಗೆ ಬಂದ ಶಾವಿಗೆ ಮಿಷನ್

ಒಂದು ಸಂಸಾರದ ಸಾಮಾನೆಲ್ಲ ಒಂದು ಬಸ್ಸಿನ ಟಾಪಿನ ಮೇಲೆ ಹಿಡಿಸಬೇಕು, ಹಿಡಿಸಿದ ಮೇಲೂ ಬೇರೆಯವರ ಬಾಳೆಗೊನೆಗೆ ಜಾಗ ಉಳಿದಿರಬೇಕು ಎಂಬುದು ನಮ್ಮಪ್ಪನ ಸಿದ್ಧಾಂತ. ಅವರು ಪ್ರೈಮರಿ ಶಾಲೆಯ ಮೇಷ್ಟ್ರು. ಹೊಸದುರ್ಗದಿಂದ ಹಿರಿಯೂರಿಗೆ, ಅಲ್ಲಿಂದ ಹೊಳಲ್ಕೆರೆಗೆ ವರ್ಗವಾಗುತ್ತ ಬಂದವರು. ಪ್ರತಿ ಸಲ ಗಂಟು ಕಟ್ಟುವಾಗಲೂ ಒಂದಷ್ಟು ಸಾಮಾನು ಕೆಳಗೇ ಉಳಿಯುತ್ತಿತ್ತು, ಉಳಿದದ್ದನ್ನು ಅಪ್ಪ ಆ ಊರಿಗೇ ಬಿಟ್ಟು ಬರುತ್ತಿದ್ದರು. ಹಾಗೆ ಬಿಟ್ಟು ಬಂದದ್ದು ಯಾವುದೂ ಆಮೇಲೆ ಬೇಕು ಅನ್ನಿಸಲಿಲ್ಲ ಎಂದು ಹೆಮ್ಮೆಯಿಂದ ಹೇಳುತ್ತಿದ್ದರು. ಅಮ್ಮನಿಗೆ ಬೇಕು ಅನ್ನಿಸಿತ್ತೋ ಇಲ್ಲವೋ, ಅದನ್ನು ಯಾರೂ ಕೇಳಿದ ಹಾಗೆ ಕಾಣಲಿಲ್ಲ.

ಈಗ ಇದಕ್ಕೆಲ್ಲ ಚಂದದ ಹೆಸರುಗಳಿವೆ. ಮನೆಯ ಸಾಮಾನು ಹೊರಗೆ ಹಾಕಿ ಬರಿಗೋಡೆಯ ಮುಂದೆ ಮಕ್ಕಳನ್ನು ನಿಲ್ಲಿಸಿ ಫೋಟೊ ತೆಗೆಯುವವರನ್ನು ಕಂಡರೆ ನನಗೆ ಅಪ್ಪನ ನೆನಪಾಗುತ್ತದೆ. ಹಾಗೆ ಬದುಕುವುದನ್ನು ಕಲಿಯಲು ಜನ ಪುಸ್ತಕ ಕೊಂಡು ಓದುತ್ತಾರಂತೆ. ಅಪ್ಪನಿಗೆ ವರ್ಗದ ಆರ್ಡರೇ ಸಾಕಾಗಿತ್ತು.

ಎಪ್ಪತ್ತರ ದಶಕದ ಆ ಹೊಳಲ್ಕೆರೆಯ ಬಾಡಿಗೆ ಮನೆಯಲ್ಲಿ ಕುರ್ಚಿ ಇರಲಿಲ್ಲ, ಮಂಚ ಇರಲಿಲ್ಲ, ಬೆಂಚು ಇರಲಿಲ್ಲ. ಎರಡು ಟ್ರಂಕು, ಸುತ್ತಿಟ್ಟ ಹಾಸಿಗೆಗಳು, ಒಂದೆರಡು ಮಣೆ, ಅಡುಗೆಗೆ ಬೇಕಾದಷ್ಟೇ ಪಾತ್ರೆ, ಅಜ್ಜಿಯ ಎಲೆಅಡಿಕೆ ಚೀಲ, ಇಷ್ಟೇ. ಬಂದವರು ಎಲ್ಲಿ ಕೂರುವುದೆಂದು ಸುತ್ತ ನೋಡುವಷ್ಟರಲ್ಲಿ ಅಪ್ಪ ಚಾಪೆ ಬಿಡಿಸಿ, ನೆಲದ ಮೇಲೆ ಕೂರುವುದರಿಂದ ಬೆನ್ನಿಗೆ ಆಗುವ ಲಾಭವನ್ನು ವಿವರಿಸಲು ಶುರು ಮಾಡಿರುತ್ತಿದ್ದರು. ನಮ್ಮ ಮನೆಗೆ ಬಂದವರು ಬೇಗ ಎದ್ದು ಹೋಗುತ್ತಿದ್ದುದು ಬೆನ್ನು ನೋವಿಗೋ ಭಾಷಣಕ್ಕೋ ನನಗೆ ಇವತ್ತಿಗೂ ಗೊತ್ತಿಲ್ಲ.

ಮಕ್ಕಳಿಗೆ ಬೇರೆಯದೇ ಕಾನೂನು. ಏನಾದರೂ ಬೇಕೆಂದು ಕೇಳಿದರೆ ಅಪ್ಪ ಬೇಡ ಅನ್ನುತ್ತಿರಲಿಲ್ಲ, ಒಂದು ವಾರ ತಡೆಯಲು ಹೇಳುತ್ತಿದ್ದರು. ವಾರದ ಮೇಲೂ ಅದೇ ಬೇಕು ಅನ್ನಿಸಿದರೆ ಕೊಡಿಸುವುದು. ಅಣ್ಣ ವಾರದೊಳಗೆ ಮರೆಯುತ್ತಿದ್ದ. ತಮ್ಮನಿಗೆ ವಾರ ಎಂದರೇನೆಂದೇ ಗೊತ್ತಿರಲಿಲ್ಲ. ನನ್ನ ತೊಂದರೆ ಇನ್ನೊಂದು ಥರದ್ದು. ಹಸಿರು ರಿಬ್ಬನ್ನು ಕೇಳಿ ಕಾದು ಕೂತವಳಿಗೆ ಕಡೆಯ ದಿನದ ಹೊತ್ತಿಗೆ ಕೆಂಪು ರಿಬ್ಬನ್ನಿನ ಮೇಲೆ ಮನಸ್ಸಾಗುತ್ತಿತ್ತು, ಅಪ್ಪ ಕೆಂಪಿಗೆ ಬೇರೆ ವಾರ ಹಾಕುತ್ತಿದ್ದರು. ಹೀಗೆ ನನ್ನ ಬಾಲ್ಯದ ಬಹುಭಾಗ ರಿಬ್ಬನ್ನಿಲ್ಲದೆ ಕಳೆಯಿತು. ಆದರೂ ಹೇಳುತ್ತೇನೆ, ನಾವು ಬಡವರೆಂದು ನಮಗೆ ಅನ್ನಿಸಲೇ ಇಲ್ಲ.

ಅನ್ನಿಸದಿರಲು ಕಾರಣ ಎದುರು ಮನೆ. ಅದು ಶೇಂಗಾ, ಹತ್ತಿ ವ್ಯಾಪಾರದ ಸಾಹುಕಾರರ ಮನೆ. ಆ ಮನೆಯಲ್ಲಿ ಇಲ್ಲದ ಸಾಮಾನು ಇರಲಿಲ್ಲ. ಏಣಿ, ಇಸ್ತ್ರಿಪೆಟ್ಟಿಗೆ, ಹೋಳಿಗೆ ಹೆಂಚು, ಹತ್ತಾರು ಜನಕ್ಕೆ ಅಡುಗೆ ಮಾಡುವ ಕೊಳಗಗಳು, ಕೇರಂ ಬೋರ್ಡು, ಎಲ್ಲವೂ ಅಟ್ಟದ ಮೇಲೆ ಸಾಲಾಗಿ ಇರುತ್ತಿದ್ದವು. ಸಾಹುಕಾರರ ಹೆಂಡತಿಯನ್ನು ನಾವು ದೊಡ್ಡಮ್ಮ ಅನ್ನುತ್ತಿದ್ದೆವು. ಅಮ್ಮ ಅಕ್ಕ ಅನ್ನುತ್ತಿದ್ದಳು. ಅಮ್ಮನಿಗೆ ಏನು ಬೇಕಾದರೂ ಬೀದಿ ದಾಟಿದರೆ ಸಿಕ್ಕುತ್ತಿತ್ತು, ಕೆಲಸ ಮುಗಿದ ಮೇಲೆ ಉಜ್ಜಿ ತೊಳೆದು ವಾಪಸು ಕೊಟ್ಟುಬರುತ್ತಿದ್ದಳು. ಕೊಟ್ಟುಬರಲು ಹೋದಾಗಲೂ ತರಲು ಹೋದಾಗಲೂ ಬರುವುದು ತಡವೇ.

ಯಲ್ಲದಕೆರೆಯ ತುಂಬಿದ ಮನೆಯಲ್ಲಿ ಬೆಳೆದವಳು ಅಮ್ಮ. ಹೊಳಲ್ಕೆರೆಯಲ್ಲಿ ಅವಳವರು ಎಂದು ಯಾರೂ ಇರಲಿಲ್ಲ. ಸುಮ್ಮನೆ ಮಾತಾಡಲೆಂದು ಇನ್ನೊಬ್ಬರ ಮನೆಗೆ ಹೋಗಿ ಕೂರುವುದು ಆ ಕಾಲದ ಸೊಸೆಯರಿಗೆ ಶೋಭಿಸದ ಕೆಲಸ. ಅದೂ ಪಡಸಾಲೆಯ ಕಂಬಕ್ಕೆ ಒರಗಿ ನಮ್ಮಜ್ಜಿ, ಅಂದರೆ ಅಪ್ಪನ ತಾಯಿ, ಕಾವಲು ಕೂತಿರುವಾಗ. ಅಮ್ಮ ಹೊಸಿಲು ದಾಟಿದರೆ ಅಜ್ಜಿ ಎಲ್ಲಿಗೆ ಎಂದು ಕೇಳುತ್ತಿದ್ದಳು. ಏಣಿ ತರಾಕೆ ಎಂದರೆ ಹೋಗಬಹುದು. ಬೇಜಾರಾಗಿದೆ, ಅಕ್ಕನ ಹತ್ತಿರ ನಗಾಡಿಕೊಂಡು ಬರುತ್ತೇನೆ ಎಂದರೆ ಹೋಗುವ ಹಾಗಿಲ್ಲ. ಹಾಗಾಗಿ ಅಮ್ಮನ ನಗು ಎದುರು ಮನೆಯ ನಡುಮನೆಯಿಂದ ಬೀದಿ ದಾಟಿ ನಮಗೆ ಕೇಳುತ್ತಿತ್ತು. ಮನೆಯಲ್ಲಿ ಅವಳು ಅಷ್ಟು ಜೋರಾಗಿ ನಕ್ಕದ್ದು ನನಗೆ ನೆನಪಿಲ್ಲ.

ಇದೆಲ್ಲ ಅಪ್ಪನಿಗೆ ತಿಳಿದಿರಲಿಲ್ಲ. ಸಾಮಾನು ಬರುವುದೂ ಹೋಗುವುದೂ ಅವರು ಶಾಲೆಯಲ್ಲಿರುವ ಹೊತ್ತಿನಲ್ಲಿ. ಒಂದು ಸಂಜೆ ಎದುರು ಮನೆಯ ಜಗಲಿಯ ಮೇಲೆ ಕೂತು, ಶಾಲೆಗೆ ಹೊಸದಾಗಿ ಬಂದಿದ್ದ ಮೇಷ್ಟ್ರೊಬ್ಬರಿಗೆ ಅವರು ಸಂಸಾರ ಹೂಡುವ ಬಗೆಯನ್ನು ಹೇಳಿಕೊಡುತ್ತಿದ್ದರು. ಏನೂ ಕೊಳ್ಳಬೇಡಿ, ನಮ್ಮನ್ನೇ ನೋಡಿ, ಏನು ಕಡಿಮೆಯಾಗಿದೆ ನಮಗೆ, ಹೀಗೆ ಸಾಗಿತ್ತು. ನಾನು ಅಲ್ಲೇ ಕಲ್ಲು ಆಡುತ್ತಿದ್ದೆ. ಸಾಹುಕಾರರು ಎಲೆಗೆ ಸುಣ್ಣ ಹಚ್ಚುತ್ತ ಕೇಳಿಸಿಕೊಂಡರು.

"ಮೇಷ್ಟ್ರೇ, ನಿಮ್ಮ ಸರಳ ಜೀವನ ಎಲ್ಲಾ ನಮ್ಮ ಅಟ್ಟದ ಮ್ಯಾಲೆ ಐತೆ ನೋಡ್ರಿ," ಎಂದರು.

ಜಗಲಿಯ ಮೇಲಿದ್ದವರೆಲ್ಲ ನಕ್ಕರು. ಹೊಸ ಮೇಷ್ಟ್ರು ನಗಬಾರದೆಂದು ಕೆಮ್ಮಿದರು. ಸಾಹುಕಾರರ ಮಾತಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ, ಅವರು ತಮಾಷೆಯ ಮನುಷ್ಯ. ಆದರೆ ಅಪ್ಪನ ಮುಖ ಸಣ್ಣದಾಯಿತು. ಮನೆಗೆ ಬಂದವರೇ ಅಟ್ಟದ ಮೇಲೆ ನಮ್ಮದೇನಿದೆ ಎಂದು ಅಮ್ಮನನ್ನು ವಿಚಾರಿಸಿದರು. ಅಮ್ಮ ಒಂದೊಂದಾಗಿ ಹೇಳುತ್ತ ಹೋದಳು. ಹೇಳಿ ಮುಗಿಯುವ ಹೊತ್ತಿಗೆ ಅನ್ನ ತಳ ಹತ್ತಿತ್ತು. ಅವತ್ತಿನಿಂದ ಎದುರು ಮನೆಯಿಂದ ಒಂದು ಸೂಜಿಯೂ ಬರಕೂಡದು, ಇಲ್ಲದಿದ್ದರೆ ಇಲ್ಲದ ಹಾಗೆಯೇ ಇರೋಣ ಎಂದು ಅಪ್ಪ ಅಪ್ಪಣೆ ಮಾಡಿದರು.

ಇಲ್ಲದ ಹಾಗೆಯೇ ಇದ್ದೆವು. ಅಂಗಿಗಳನ್ನು ಮಡಿಸಿ ಹಾಸಿಗೆಯ ಕೆಳಗಿಟ್ಟು ಇಸ್ತ್ರಿ ಮಾಡಿದೆವು. ಏಣಿಯಿಲ್ಲದೆ ಸೂರಿನ ಹೆಂಚು ಸರಿಪಡಿಸಲು ಅಣ್ಣನನ್ನು ಅಪ್ಪ ಹೆಗಲ ಮೇಲೆ ಹತ್ತಿಸಿಕೊಂಡರು, ಹೆಂಚು ಸರಿಹೋಗಲಿಲ್ಲ, ಹೆಗಲು ಉಳುಕಿತು. ಹಬ್ಬಕ್ಕೆ ಹೋಳಿಗೆಯ ಬದಲು ಪಾಯಸ ಬಂತು. ಇದನ್ನೆಲ್ಲ ನಾವು ಮಕ್ಕಳು ಆಟದ ಹಾಗೆ ಮಾಡಿದೆವು. ಅಮ್ಮ ಮಾತ್ರ ಕಡಿಮೆ ಮಾತಾಡತೊಡಗಿದಳು. ಅಪ್ಪ ನಿಲ್ಲಿಸಿದ್ದು ಸಾಮಾನು ತರುವುದನ್ನು, ಆದರೆ ಅದರ ಜೊತೆಗೆ ಅಮ್ಮ ಮನೆಯಿಂದ ಹೊರಗೆ ಕಾಲಿಡುವುದೂ ನಿಂತುಹೋಯಿತು. ಬಾಗಿಲಲ್ಲಿ ನಿಂತು ಎದುರು ಮನೆಯನ್ನು ನೋಡುತ್ತಿದ್ದಳು. ದೊಡ್ಡಮ್ಮ ಅಲ್ಲಿಂದ ಕೈ ಬೀಸಿ ಕರೆಯುತ್ತಿದ್ದಳು. ಅಜ್ಜಿ ಎಲ್ಲಿಗೆ ಎಂದು ಕೇಳಿದರೆ ಹೇಳಲು ಅಮ್ಮನ ಹತ್ತಿರ ಈಗ ಏನೂ ಇರಲಿಲ್ಲ.

ಬೇಸಿಗೆ ಬಂತು. ಬೇಸಿಗೆಯೆಂದರೆ ಶಾವಿಗೆ. ಎದುರು ಮನೆಯ ಶಾವಿಗೆ ಮಿಷನ್ನನ್ನು ಮಂಚದ ಅಂಚಿಗೆ ತಿರುಪು ಹಾಕಿ ಬಿಗಿದರೆಂದರೆ ಬೀದಿಯ ಹೆಂಗಸರೆಲ್ಲ ಅಲ್ಲೇ. ಒಬ್ಬರು ಹಿಟ್ಟು ನಾದುವುದು, ಒಬ್ಬರು ತುರುಕುವುದು, ಒಬ್ಬರು ಹಿಡಿ ತಿರುಗಿಸುವುದು, ಇಳಿದ ಎಳೆಗಳನ್ನು ಕೋಲಿನ ಮೇಲೆ ಹಿಡಿದು ನಾವು ಬಿಸಿಲಿಗೆ ಒಯ್ಯುವುದು. ವರ್ಷಕ್ಕಾಗುವಷ್ಟು ಶಾವಿಗೆಯ ಜೊತೆಗೆ ವರ್ಷಕ್ಕಾಗುವಷ್ಟು ಸುದ್ದಿಯೂ ಅಲ್ಲೇ ತಯಾರಾಗುತ್ತಿತ್ತು.

ಅಮ್ಮ ಮಂಕಾಗಿರುವುದನ್ನು ಅಪ್ಪ ಕಂಡಿರಲಿಲ್ಲವೆಂದಲ್ಲ. ಕಂಡು, ತಮಗೆ ತಿಳಿದ ಹಾಗೆ ಅರ್ಥ ಮಾಡಿಕೊಂಡರು. ಒಂದು ದಿನ ಚಿತ್ರದುರ್ಗಕ್ಕೆ ಶಾಲೆಯ ಕೆಲಸಕ್ಕೆ ಹೋದವರು ಕಂಕುಳಲ್ಲಿ ಕಾಗದ ಸುತ್ತಿದ ಭಾರದ ವಸ್ತುವೊಂದನ್ನು ಇಟ್ಟುಕೊಂಡು ಬಂದರು. ಹೊಚ್ಚ ಹೊಸ ಹಿತ್ತಾಳೆಯ ಶಾವಿಗೆ ಮಿಷನ್. ನನ್ನ ರಿಬ್ಬನ್ನಿಗೆ ವಾರಗಟ್ಟಲೆ ಕಾಯಿಸಿದ ಮನುಷ್ಯ ಇದಕ್ಕೆ ಒಂದು ದಿನವೂ ಕಾದಿರಲಿಲ್ಲ. ಇನ್ನು ಮೇಲೆ ನೀನು ಯಾರ ಮನೆಗೂ ಹೋಗಬೇಕಾಗಿಲ್ಲ ಎಂದು ಅಮ್ಮನ ಮುಂದೆ ಅದನ್ನು ಇಟ್ಟರು. ಪ್ರೀತಿಯಿಂದಲೇ ಇಟ್ಟರು ಎಂದು ಹೇಳಲೇಬೇಕು. ಅಮ್ಮ ಮಿಷನ್ನನ್ನು ನೋಡಿದಳು, ಅಪ್ಪನನ್ನು ನೋಡಿದಳು, ಕಾಗದ ಮಡಿಸಿ ಎತ್ತಿಟ್ಟಳು.

ಭಾನುವಾರ ಶಾವಿಗೆ ಮಾಡುವುದೆಂದಾಯಿತು. ಹಿಟ್ಟು ನಾದಿಯಾದ ಮೇಲೆ ಗೊತ್ತಾಯಿತು, ಮಿಷನ್ನನ್ನು ಬಿಗಿಯಲು ನಮ್ಮ ಮನೆಯಲ್ಲಿ ಒಂದು ಮಂಚವೂ ಇಲ್ಲ, ಬೆಂಚೂ ಇಲ್ಲ. ಎದುರು ಮನೆಯ ಬೆಂಚು ಕೇಳೋಣವೇ ಎಂದು ಅಣ್ಣ ಬಾಯಿ ತೆರೆದವನು ಅಪ್ಪನ ಕಣ್ಣು ನೋಡಿ ಮುಚ್ಚಿದ. ಹೊಸಿಲಿಗೆ ಬಿಗಿಯಲು ಹೋದಾಗ ಅಜ್ಜಿ ಅಲ್ಲಿ ಲಕ್ಷ್ಮಿ ಇದ್ದಾಳೆಂದು ಗದರಿದಳು. ಕೊನೆಗೆ ಎರಡು ಟ್ರಂಕುಗಳ ಮೇಲೆ ಉದ್ದದ ಮಣೆಯೊಂದನ್ನು ಅಡ್ಡ ಇಟ್ಟು, ಅದರ ಒಂದು ತುದಿಗೆ ಮಿಷನ್ ಬಿಗಿದು, ಇನ್ನೊಂದು ತುದಿಗೆ ಭಾರಕ್ಕೆಂದು ನಮ್ಮ ಮೂವರನ್ನು ಕೂರಿಸಿದರು. ಅಲ್ಲಾಡಿದರೆ ಜೋಕೆ ಎಂದರು. ತಮ್ಮ ಅಲ್ಲಾಡದೆ ಕೂತ ದಾಖಲೆ ಅಲ್ಲಿಯವರೆಗೆ ಇರಲಿಲ್ಲ.

ಅಪ್ಪ ಹಿಡಿ ತಿರುಗಿಸಿದರು, ಅಮ್ಮ ಹಿಟ್ಟು ತುರುಕಿದಳು. ನಾವು ಭಾರವಾಗಿ ಕೂತಿದ್ದರಿಂದ ಎಳೆ ಹಿಡಿಯಲು ಯಾರೂ ಇರಲಿಲ್ಲ, ಅದು ನೆಲದ ಮೇಲೆ ಮುದ್ದೆಯಾಗಿ ಕೂತಿತು. ಎಳೆ ಹಿಡಿಯಲು ನಾನು ಎದ್ದರೆ ಮಣೆ ಮೇಲೇಳುತ್ತಿತ್ತು. ಅಪ್ಪ ಮೈಯೆಲ್ಲ ಹಿಟ್ಟಾಗಿ ಒಂದೇ ಸಮನೆ ತಮಾಷೆ ಮಾಡುತ್ತಿದ್ದರು, ಎದುರು ಮನೆಯಲ್ಲಿ ನಡೆಯುವುದೆಲ್ಲ ಇಲ್ಲೂ ನಡೆಯಲಿ ಎಂಬಂತೆ. ಅವತ್ತೇ ಅಲ್ಲೂ ಶಾವಿಗೆಯ ಕೆಲಸ ನಡೆದಿತ್ತು. ಹೆಂಗಸರೆಲ್ಲ ಯಾವುದೋ ಮಾತಿಗೆ ಒಟ್ಟಿಗೆ ನಕ್ಕದ್ದು ನಮ್ಮ ನಡುಮನೆಗೆ ಕೇಳಿತು. ಅಮ್ಮನ ಕೈ ನಿಂತಿತು.

"ಎಲ್ಲಾನೂ ಮನೆಗೇ ತಂದು ಇಟ್ರೆ, ನಾನು ಏನ್ ನೆಪ ಹೇಳಿ ಆ ಮನೆಗೆ ಹೋಗ್ಲಿ?" ಎಂದಳು. "ಇಷ್ಟು ವರ್ಷ ನಾನು ಮಿಷನ್ ಇಸ್ಕಳಾಕೆ ಹೋಗ್ತಿದ್ದೆ ಅನ್ಕಂಡಿದ್ರಾ?"

ಜೋರಾಗಿ ಹೇಳಲಿಲ್ಲ. ಹೇಳಿದವಳೇ ಕೈಯ ಹಿಟ್ಟನ್ನು ಉಜ್ಜಿ ಉಜ್ಜಿ ತೆಗೆಯುತ್ತ ಕೂತಳು. ಅಳುತ್ತಿದ್ದಾಳೆಂದು ನನಗೆ ತಡವಾಗಿ ತಿಳಿಯಿತು. ಅಪ್ಪ ಹಿಡಿಯನ್ನು ಹಿಡಿದುಕೊಂಡೇ ನಿಂತಿದ್ದರು. ಪಡಸಾಲೆಯಲ್ಲಿ ಅಜ್ಜಿ ಅಡಿಕೆ ಕತ್ತರಿಸುತ್ತಿದ್ದ ಸದ್ದೂ ನಿಂತಿತ್ತು. ಆ ಮುದ್ದೆ ಶಾವಿಗೆಯನ್ನು ರಾತ್ರಿ ಬೆಲ್ಲ ಹಾಕಿ ತಿಂದೆವು, ಯಾರೂ ಹೆಸರಿಡಲಿಲ್ಲ.

ಸ್ವಲ್ಪ ದಿನಕ್ಕೆ ಅಪ್ಪ ಬಾಗೂರಿಗೆ ಹೋಗಿ ಮಿಷನ್ನನ್ನು ತಮ್ಮ ತಂಗಿಯ ಮನೆಗೆ ಕೊಟ್ಟುಬಂದರು. ಅಲ್ಲಿ ಮಂಚವೂ ಇತ್ತು, ಜನವೂ ಇದ್ದರು. ಕ್ಷಮೆ ಕೇಳುವ ಅಭ್ಯಾಸ ಆ ಕಾಲದ ಗಂಡಸರಿಗೆ ಇರಲಿಲ್ಲ.

ಅದರ ಮಾರನೆಯ ಸಂಜೆ ಶಾಲೆಯಿಂದ ಬಂದವರು ಕಾಲು ತೊಳೆದು ಪಡಸಾಲೆಯಲ್ಲಿ ಕೂತರು. ಅಂಗಳದಲ್ಲಿ ಬೆಳಗ್ಗೆಯಷ್ಟೇ ಕೊಂಡ ಒಣಮೆಣಸಿನಕಾಯಿ ಚಾಪೆಯ ತುಂಬ ಹರಡಿತ್ತು. ನೋಡಿದರೆ ಸೀನು ಬರುವಷ್ಟು. ಅಪ್ಪ ಅದನ್ನೇ ನೋಡುತ್ತ, ಒಳಗಿದ್ದ ಅಮ್ಮನಿಗೂ ಪಕ್ಕದಲ್ಲಿದ್ದ ಅಜ್ಜಿಗೂ ಕೇಳುವ ಹಾಗೆ ಹೇಳಿದರು.

"ಮೆಣಸಿನಕಾಯಿ ಆಗೋಗಿರಬೇಕು ಕಣೇ. ಎದುರು ಮನೆಗೆ ಹೋಗಿ ಒಂದಿಷ್ಟು ಇಸ್ಕಂಡು ಬಾ."

ಶಾಲೆಯಲ್ಲಿ ಸುಳ್ಳು ಹೇಳಿದ ಮಕ್ಕಳನ್ನು ಬಿಸಿಲಲ್ಲಿ ನಿಲ್ಲಿಸುತ್ತಿದ್ದ ಮೇಷ್ಟ್ರು ಅವರು. ಅಮ್ಮ ಬಾಗಿಲಿಗೆ ಬಂದು ಚಾಪೆಯನ್ನು ನೋಡಿದಳು. ಅಜ್ಜಿಯೂ ನೋಡಿದಳು. ಆಮೇಲೆ ಅಜ್ಜಿ ಚಾಪೆಗೆ ಬೆನ್ನು ಹಾಕಿ ತಿರುಗಿ ಕೂತು ಎಲೆಗೆ ಸುಣ್ಣ ಹಚ್ಚತೊಡಗಿದಳು. ಎಲ್ಲಿಗೆ ಎಂದು ಕೇಳಲಿಲ್ಲ. ಅಮ್ಮ ಬಟ್ಟಲು ತೆಗೆದುಕೊಂಡು, ಸೆರಗು ಸರಿಮಾಡಿಕೊಂಡು, ಮೆಣಸಿನಕಾಯಿ ತುಳಿಯದ ಹಾಗೆ ಚಾಪೆಯನ್ನು ಬಳಸಿಕೊಂಡು ಬೀದಿಗಿಳಿದಳು.

ಅವಳು ಬರುವಾಗ ದೀಪ ಹಚ್ಚಿ ಬಹಳ ಹೊತ್ತಾಗಿತ್ತು. ಅಷ್ಟರಲ್ಲಿ ಅಪ್ಪ ಅನ್ನಕ್ಕೆ ಇಟ್ಟಿದ್ದರು. ಅಮ್ಮ ಬಟ್ಟಲನ್ನು ಎಲ್ಲರ ಮುಂದೆಯೇ ಅದರ ಜಾಗದಲ್ಲಿ ಬೋರಲು ಹಾಕಿದಳು. ಅದರಲ್ಲಿ ಏನೂ ಇರಲಿಲ್ಲ. ಮೆಣಸಿನಕಾಯಿ ಎಲ್ಲಿ ಎಂದು ಕೇಳಲು ತಮ್ಮ ಬಾಯಿ ತೆರೆದ, ಅಜ್ಜಿ ಅವನ ಬಾಯಿಗೆ ಬೆಲ್ಲದ ಚೂರು ತುರುಕಿದಳು.