ಪೈಲಟ್ ಪರೀಕ್ಷೆಗೆ ಅಪ್ಪನ ಜೊತೆ

ಯಲ್ಲಾಪುರದಿಂದ ನಾವು ಹೊರಟದ್ದು ಫೆಬ್ರವರಿಯ ಒಂದು ಸೋಮವಾರ, ಬೆಳಗಿನ ಮೊದಲ ಶಿರಸಿ ಬಸ್ಸಿಗೆ. 'ನಾವು' ಎಂದು ಬರೆಯುವಾಗಲೇ ಸಿಟ್ಟು ಬರುತ್ತದೆ. ಹೊರಡಬೇಕಾಗಿದ್ದವಳು ನಾನೊಬ್ಬಳೇ. ಶಿರಸಿಯ ಕಾಲೇಜಿನಲ್ಲಿ ಬಿ.ಎಸ್ಸಿ. ಕೊನೆಯ ವರ್ಷದಲ್ಲಿದ್ದೆ. ವಾಯುಪಡೆಯ ಲಿಖಿತ ಪರೀಕ್ಷೆ ಪಾಸಾಗಿ, ವಿಮಾನ ಹಾರಿಸುವ ವಿಭಾಗಕ್ಕೆ ಮೈಸೂರಿನ ಆಯ್ಕೆ ಮಂಡಳಿಯಿಂದ ಕರೆ ಬಂದಿತ್ತು. ಮಂಗಳವಾರ ಬೆಳಿಗ್ಗೆ ಅಲ್ಲಿ ಹಾಜರಿರಬೇಕಿತ್ತು. ಶಿರಸಿಗೆ ರೈಲಿಲ್ಲವಾದ್ದರಿಂದ ಸಿದ್ದಾಪುರದ ಮೇಲೆ ತಾಳಗುಪ್ಪಕ್ಕೆ ಹೋಗಿ, ಮಧ್ಯಾಹ್ನದ ಮೈಸೂರು ಗಾಡಿ ಹಿಡಿದು, ರಾತ್ರಿ ಲಾಡ್ಜಿನಲ್ಲಿ ಮಲಗಿ, ಬೆಳಿಗ್ಗೆ ಇಸ್ತ್ರಿ ಬಟ್ಟೆ ಹಾಕಿಕೊಂಡು ಹೋಗುವುದೆಂದು ಒಂದು ವಾರದ ಹಿಂದೆಯೇ ಲೆಕ್ಕ ಹಾಕಿಟ್ಟಿದ್ದೆ.

ಭಾನುವಾರ ಊಟಕ್ಕೆ ಕೂತಾಗ ಅಪ್ಪ, "ನಾನೂ ಬರ್ತೆ. ರಜೆ ಹಾಕಿದ್ದೆ" ಅಂದರು. ಅಪ್ಪ ಯಲ್ಲಾಪುರ ಡಿಪೋದಲ್ಲಿ ಸಾರಿಗೆ ಬಸ್ಸಿನ ಡ್ರೈವರ್. ಇಪ್ಪತ್ತು ವರ್ಷದಿಂದ ಯಲ್ಲಾಪುರ, ಶಿರಸಿ, ಸಿದ್ದಾಪುರ ಈ ಮೂರು ತಾಲೂಕಿನ ರಸ್ತೆಗಳಲ್ಲೇ ಇರುವವರು. ನಾನು ಬೇಡವೆಂದೆ. ಅಮ್ಮ "ಬರ್ಲಿ ಬಿಡು, ದಾರಿ ಗೊತ್ತಿದ್ದವ್ರು" ಅಂದಳು. ಆ ಮಾತನ್ನು ಮುಂದೆ ನಾನು ಎಷ್ಟು ಸಲ ನೆನೆದೆನೋ.

ಬೇರೆಯವರ ಬಸ್ಸಿನಲ್ಲಿ ಅಪ್ಪ ಪ್ರಯಾಣಿಕರಾಗಿ ಕೂತದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ. ನೋಡುವಂಥದ್ದೂ ಅಲ್ಲ. ತಿರುವು ಬಂದಾಗಲೆಲ್ಲ ಅವರ ಬಲಗಾಲು ಇಲ್ಲದ ಬ್ರೇಕನ್ನು ತುಳಿಯುತ್ತಿತ್ತು. "ಸೆಕೆಂಡಿಗೆ ಹಾಕು, ಸೆಕೆಂಡಿಗೆ ಹಾಕು" ಎಂದು ಬಾಯೊಳಗೇ ಗೊಣಗುತ್ತಿದ್ದರು. ಅದರ ನಡುವೆ ಕಂಡಕ್ಟರನನ್ನು ಕರೆದು, "ನನ್ನ ಮಗಳು. ಪೈಲಟ್ ಆಗೂಕೆ ಹೊಂಟಿದ್ದು" ಅಂದರು. ಆತ ನನ್ನನ್ನು ಮೇಲಿಂದ ಕೆಳಗೆ ನೋಡಿ, ಆಧಾರ್ ಕಾರ್ಡು ತೋರಿಸು ಅಂದ. ನನಗೆ ಹೆಂಗಸರ ಉಚಿತ ಟಿಕೆಟ್ಟು, ಅಪ್ಪನಿಗೆ ನೌಕರರ ಪಾಸು. ಹಾಗಾಗಿ ತಾಳಗುಪ್ಪದವರೆಗಿನ ನೂರು ಕಿಲೋಮೀಟರಿಗೆ ನಮಗೆ ಒಂದು ರೂಪಾಯಿಯೂ ಆಗಲಿಲ್ಲ. ಖರ್ಚಾದದ್ದು ಹೊತ್ತು ಮಾತ್ರ.

ಶಿರಸಿಯಲ್ಲಿ ಇಳಿದು ಕಾಲೇಜಿಗೆ ಹೋದೆವು. ನಾನು ಕೊನೆಯ ವರ್ಷದಲ್ಲಿ ಓದುತ್ತಿದ್ದೇನೆ ಎಂಬ ಪ್ರಮಾಣಪತ್ರಕ್ಕೆ ಪ್ರಾಂಶುಪಾಲರ ಸಹಿ ಬೇಕಿತ್ತು. ಶುಕ್ರವಾರವೇ ಕೇಳಿದ್ದೆ, "ಸೋಮವಾರ ಬಾ" ಅಂದಿದ್ದರು. ಸೋಮವಾರ ಪ್ರಾಂಶುಪಾಲರು ಯಾವುದೋ ಸಭೆಗೆ ಹೋಗಿದ್ದರು. ಕಾಯುತ್ತಾ ವರಾಂಡದಲ್ಲಿ ನಿಂತವಳನ್ನು ನಮ್ಮ ಫಿಸಿಕ್ಸ್ ಮೇಷ್ಟ್ರು ಕಂಡರು. ಶುಭವಾಗಲಿ ಅನ್ನುತ್ತಾರೆ ಅಂದುಕೊಂಡೆ.

"ನಿನ್ನ ರೆಕಾರ್ಡ್ ಬುಕ್ಕು ಇನ್ನೂ ಬರಲಿಲ್ಲ. ಪೈಲಟ್ ಆದಮೇಲೆ ಕೊಡೋದೋ, ಅದಕ್ಕಿಂತ ಮೊದಲೋ?"

"ಬಂದ ಕೂಡಲೇ ಕೊಡ್ತೇನೆ ಸರ್."

"ಗುರುವಾರ ಇಂಟರ್ನಲ್ ಇದೆ. ನಿನಗೊಬ್ಬಳಿಗೆ ಬೇರೆ ದಿನ ಮಾಡ್ಲಿಕ್ಕೆ ಬರೂದಿಲ್ಲ."

ಎಲ್ಲದರಲ್ಲೂ ಪಾಸಾಗಿ ಡಿಗ್ರಿ ಮುಗಿಸಿದರೆ ಮಾತ್ರ ಅಲ್ಲಿ ಕೆಲಸ, ಅಲ್ಲಿಗೆ ಹೋದರೆ ಇಲ್ಲಿ ಅಂಕ ಹೋಗುತ್ತದೆ. ಇದನ್ನು ಅವರಿಗೆ ವಿವರಿಸುವಷ್ಟು ತಾಳ್ಮೆ ನನ್ನಲ್ಲಿರಲಿಲ್ಲ. ಅಂತೂ ಪ್ರಾಂಶುಪಾಲರು ಬಂದರು, ಸಹಿಯಾಯಿತು. ಬಸ್ ನಿಲ್ದಾಣಕ್ಕೆ ಓಡಿದೆವು. ಸಿದ್ದಾಪುರದ ಬಸ್ಸು ಹೊರಡಲು ತಯಾರಾಗಿ ನಿಂತಿತ್ತು. ನಾನು ಒಂದು ಕಾಲು ಮೆಟ್ಟಿಲ ಮೇಲಿಟ್ಟಿದ್ದೆ.

"ಅದಲ್ಲ, ಇದು" ಎಂದು ಅಪ್ಪ ನನ್ನ ಚೀಲ ಹಿಡಿದು ಎಳೆದರು. ಅವರು ತೋರಿಸಿದ್ದು ನಿಲ್ಕುಂದದ ಬಸ್ಸು. ನಿಲ್ಕುಂದದಲ್ಲಿ ಅಪ್ಪನ ದೊಡ್ಡಪ್ಪನ ಮಗ ಇದ್ದಾರೆ. ನನಗೆ ದೊಡ್ಡಪ್ಪ, ಸೈನ್ಯದಲ್ಲಿ ಲಾರಿ ಓಡಿಸಿ ನಿವೃತ್ತರಾದವರು. ಅವರಿಂದ ಎರಡು ಮಾತು ಕೇಳಿಕೊಂಡು ಹೋದರೆ ಇಂಟರ್‌ವ್ಯೂ ಸುಲಭವಾಗುತ್ತದೆಂದು ಅಪ್ಪ ನನಗೆ ಹೇಳದೆಯೇ ನಿಶ್ಚಯಿಸಿ, ಫೋನೂ ಮಾಡಿಟ್ಟಿದ್ದರು.

"ಅಪ್ಪಾ, ರೈಲು ತಪ್ತದೆ."

"ಎಂತಕ್ಕೆ ತಪ್ತದೆ? ನಿಲ್ಕುಂದದಿಂದ ಸಿದ್ದಾಪುರಕ್ಕೆ ಬಸ್ಸದೆ. ನಮ್ಮವ್ನೇ ಡ್ರೈವರ್. ಈ ದಾರಿ ನಂಗೆ ಗೊತ್ತಿಲ್ವಾ?"

ಸಿದ್ದಾಪುರದ ಬಸ್ಸು ನನ್ನ ಕಣ್ಣೆದುರೇ ಹೋಯಿತು.

ನಿಲ್ಕುಂದದ ಹಾದಿ ಕಾಡಿನ ನಡುವೆ ಸುತ್ತಿ ಸುತ್ತಿ ಹೋಗುತ್ತದೆ. ಬಿಸಿಲು, ಕೆಂಪು ಧೂಳು. ಕಿಟಕಿ ಹಾಕಿದರೆ ಸೆಕೆ, ತೆಗೆದರೆ ಬಾಯಿ ತುಂಬ ಮಣ್ಣು. ದೊಡ್ಡಪ್ಪ ಬಸ್ಸಿನ ಹತ್ತಿರವೇ ಬಂದು ನಿಂತಿದ್ದರು. ಮನೆಗೆ ಕರೆದೊಯ್ದು, ಊಟಕ್ಕೆ ಹಾಕಿ, ನಾನು ಎರಡು ತುತ್ತು ಉಣ್ಣುವುದರೊಳಗೆ ಪಾಠ ಶುರು ಮಾಡಿದರು.

"ಯಾಕೆ ಸೇರ್ತೆ ಅಂತ ಕೇಳ್ತಾರೆ. ದೇಶಸೇವೆ ಅನ್ಬೇಕು. ಬೇರೆ ಎಂತ ಹೇಳಿದ್ರೂ ಹೊರಗೆ ಹಾಕ್ತಾರೆ. ಗಟ್ಟಿಯಾಗಿ ಹೇಳ್ಬೇಕು. ಎಲ್ಲಿ, ಹೇಳು ನೋಡ್ವಾ."

"ದೇಶಸೇವೆ."

"ಇದು ಎಂತ ದನಿ? ಎದ್ದು ನಿಂತು ಹೇಳು."

ಅನ್ನದ ಕೈಯಲ್ಲಿ ಎದ್ದು ನಿಂತು ಹೇಳಿದೆ. ಆಮೇಲೆ ಅಂಗಳದಲ್ಲಿ ಆ ಕಡೆಯಿಂದ ಈ ಕಡೆಗೆ ಮೂರು ಸಲ ನಡೆಸಿದರು. ತೋಳು ಬೀಸುವುದು ಸರಿಯಿಲ್ಲವಂತೆ. ಅಪ್ಪ ಕಟ್ಟೆಯ ಮೇಲೆ ಕೂತು ಎಲೆ ಅಡಿಕೆ ಹಾಕುತ್ತಾ, "ನೋಡು, ಇದೆಲ್ಲ ಪುಸ್ತಕದಲ್ಲಿ ಸಿಗೂದಿಲ್ಲ" ಅಂದರು.

ಸಿದ್ದಾಪುರದ ಬಸ್ಸು ತಡವಾಗಿ ಬಂತು. ಬಂದದ್ದು ಅರ್ಧ ದಾರಿಯಲ್ಲಿ ಪಂಕ್ಚರ್ ಆಯಿತು. ಬೇರೆಯವರಾಗಿದ್ದರೆ ಹಿಂದೆ ಬಂದ ಯಾವುದಾದರೂ ವಾಹನಕ್ಕೆ ಕೈ ಅಡ್ಡ ಹಿಡಿಯುತ್ತಿದ್ದರು. ಅಪ್ಪ ಅಂಗಿಯ ತೋಳು ಮಡಚಿ ಜಾಕು ಹಿಡಿದರು. ಒಂದು ಜೀಪು ಬಂತು. ನಾನು "ಅಪ್ಪಾ, ಬನ್ನಿ" ಎಂದು ಕೂಗಿದೆ. "ತಡಿಯೇ, ಒಬ್ನೇ ಹ್ಯಾಂಗೆ ಚಕ್ರ ಎತ್ತತಾನೆ?" ಎಂದು ಬಸ್ಸಿನ ಅಡಿಯಿಂದಲೇ ದನಿ ಬಂತು. ಜೀಪು ಹೋಯಿತು. ಚಕ್ರ ಕೂತಿತು. ಮೈಸೂರಿಗೆಂದು ಹಾಕಿಕೊಂಡಿದ್ದ ಅಪ್ಪನ ಬಿಳಿ ಅಂಗಿ ಗ್ರೀಸಿನಿಂದ ಕಪ್ಪಾಯಿತು. ಸಿದ್ದಾಪುರದಲ್ಲಿ ಇಳಿದು ಇನ್ನೊಂದು ಬಸ್ಸು ಹತ್ತಿ ತಾಳಗುಪ್ಪ ತಲುಪಿದಾಗ ಪ್ಲಾಟ್‌ಫಾರ್ಮು ಖಾಲಿಯಾಗಿತ್ತು. ಗಾಡಿ ಹೋಗಿ ಆಗಲೇ ಅರ್ಧ ಗಂಟೆ.

ಇನ್ನು ರಾತ್ರಿಯ ಗಾಡಿಯೇ ಗತಿ. ಅದರಲ್ಲಿ ನಮಗೆ ಸೀಟಿಲ್ಲ. ಜನರಲ್ ಡಬ್ಬಿಯಲ್ಲಿ ಕೂತು, ನಿದ್ದೆಯಿಲ್ಲದೆ, ಸೀದಾ ಮಂಡಳಿಯ ಗೇಟಿಗೆ ಹೋಗಬೇಕು. ನಾನು ಕಲ್ಲುಬೆಂಚಿನ ಮೇಲೆ ಕೂತು ಅತ್ತೆ. ಆಮೇಲೆ ಬೈದೆ. ಹುಟ್ಟಿದಾಗಿನಿಂದ ಅಪ್ಪನೆದುರು ಅಷ್ಟು ಜೋರಾಗಿ ಮಾತಾಡಿರಲಿಲ್ಲ. "ನಿಮ್ಗೆ ನಾನು ಹೋಗೂದು ಬೇಡಾಗಿದ್ರೆ ಮನೆಯಲ್ಲೇ ಹೇಳ್ಬೇಕಿತ್ತು" ಅಂದೆ.

ಅಪ್ಪ ಎದ್ದು ಹೋದರು. ನಲ್ಲಿಯಲ್ಲಿ ಅಂಗಿ ತಿಕ್ಕಿದರು. ಕಲೆ ಇನ್ನಷ್ಟು ಹರಡಿತು. ಎರಡು ಪೊಟ್ಟಣ ಮಿರ್ಚಿ ಬಜ್ಜಿ ತಂದು ಒಂದನ್ನು ನನ್ನ ಪಕ್ಕದಲ್ಲಿಟ್ಟು ಕೂತರು. ಹಳಿಯ ಕಡೆ ನೋಡುತ್ತಾ ಹೇಳಿದರು.

"ಬೇಡ ಅಂತಲ್ಲ. ನಾ ಬಸ್ಸು ಬಿಡ್ತೆ. ಕೆಟ್ರೆ ದಾರಿ ಮೇಲೆ ನಿಲ್ತದೆ. ಇಳಿದು ನೋಡ್ಬಹುದು. ನಿಂದು ಎಲ್ಲಿ ನಿಲ್ತದೆ?"

"ಅದನ್ನೇ ಅಲ್ಲಿ ಕಲಿಸೂದು" ಅಂದೆ, ಸಿಟ್ಟು ಇಳಿಯದ ದನಿಯಲ್ಲೇ. ಬಜ್ಜಿ ತಣ್ಣಗಾಗಿತ್ತು, ತಿಂದೆ.

ಮೈಸೂರು ಮುಟ್ಟಿದಾಗ ಬೆಳಗಾಗುತ್ತಿತ್ತು. ನಿಲ್ದಾಣದಲ್ಲಿ ಮುಖ ತೊಳೆದು, ಚೀಲದಲ್ಲಿ ಮುದ್ದೆಯಾಗಿದ್ದ ಬಟ್ಟೆ ಹಾಕಿಕೊಂಡೆ. ಗೇಟಿನವರೆಗೆ ಬಂದ ಅಪ್ಪನನ್ನು ಅಲ್ಲೇ ನಿಲ್ಲಿಸಿದರು. ಮೊದಲ ದಿನವೇ ಜರಡಿ. ಲೆಕ್ಕ, ತರ್ಕದ ಪರೀಕ್ಷೆ, ಆಮೇಲೆ ಮಸುಕಾದ ಒಂದು ಚಿತ್ರ ತೋರಿಸಿ ಕಥೆ ಬರೆಸಿ, ಗುಂಪಿನಲ್ಲಿ ಚರ್ಚೆ. ನನ್ನ ಗುಂಪಿನಲ್ಲಿ ಎಲ್ಲರೂ ಒಟ್ಟಿಗೇ ಕೂಗಾಡಿದರು. ಯಲ್ಲಾಪುರದ ಸಂತೆಯಲ್ಲೂ ಅಷ್ಟು ಗದ್ದಲವಿರುವುದಿಲ್ಲ. ಮಧ್ಯಾಹ್ನ ನಂಬರ್ ಕರೆದರು. ಹೆಚ್ಚಿನವರು ಪೆಟ್ಟಿಗೆ ಎತ್ತಿಕೊಂಡು ಹೊರಟರು, ನಾನು ಉಳಿದೆ. ಫೋನನ್ನು ಮಂಡಳಿಯವರಿಗೆ ಒಪ್ಪಿಸುವ ಮೊದಲು ಅಪ್ಪನಿಗೆ ಕರೆ ಮಾಡಿದೆ. ಅವರು ಎದುರಿನ ಚಹಾ ಅಂಗಡಿಯಲ್ಲೇ ಇದ್ದರು.

"ಉಳಿಸ್ಕಂಡ್ರು ಅಪ್ಪಾ."

"ಹೌದಾ? ಹಾಗಾದ್ರೆ ನಾ ಹೋಗ್ತೆ. ನಾಳೆ ಡ್ಯೂಟಿ ಅದೆ." ಅಷ್ಟೇ, ಫೋನು ಇಟ್ಟರು. ಒಂದು ಒಳ್ಳೆಯ ಮಾತಾಡಿದ್ದರೆ ಅವರ ಗಂಟೇನು ಹೋಗುತ್ತಿತ್ತು?

ಮುಂದಿನ ದಿನಗಳು ಬೇಗ ಬೇಗ ಕಳೆದವು. ಹಲಗೆ, ಹಗ್ಗ, ಡ್ರಮ್ಮು ಕೊಟ್ಟು ಹಳ್ಳ ದಾಟಿದಂತೆ ದಾಟಿ ಅಂದರು. ಬರೆಸಿದರು, ಓಡಿಸಿದರು. ಇಂಟರ್‌ವ್ಯೂ ಮಾಡಿದ ಅಧಿಕಾರಿ ನರೆಗೂದಲಿನವರು, ತೆಳ್ಳಗಿನ ದನಿ. ದೇಶಸೇವೆಯನ್ನು ಗಟ್ಟಿಯಾಗಿ ಹೇಳಲು ಸಿದ್ಧಳಾಗಿ ಕೂತಿದ್ದೆ. ಅವರು ಕೇಳಿದ್ದು, "ನಿಮ್ಮೂರಿನಿಂದ ಇಲ್ಲಿಗೆ ಹೇಗೆ ಬಂದಿರಿ?"

ಅದೇನಾಯಿತೋ, ಎದೆಯಲ್ಲಿದ್ದದ್ದೆಲ್ಲ ಹೊರಗೆ ಬಂತು. ಸಹಿ, ನಿಲ್ಕುಂದ, ಅಂಗಳದ ಕವಾಯತು, ಪಂಕ್ಚರು, ಜೀಪು, ನನ್ನ ಹರಕು ಇಂಗ್ಲಿಷಿನಲ್ಲಿ ಒಂದನ್ನೂ ಬಿಡದೆ ಹೇಳಿದೆ. ಅವರು ನಗಲಿಲ್ಲ. "ಜೀಪು ನಿಮ್ಮ ಮುಂದೆಯೇ ಇತ್ತು. ಅಪ್ಪನನ್ನು ಬಿಟ್ಟು ಒಬ್ಬರೇ ಯಾಕೆ ಹತ್ತಲಿಲ್ಲ?" ಅಂದರು.

ಯೋಚಿಸಿದೆ. "ಅಪ್ಪ ಬಸ್ಸಿನ ಅಡಿಯಲ್ಲಿದ್ದರು ಸರ್. ಜಾಕು ಜಾರಿದರೆ ನೋಡುವವರು ಬೇಕಿತ್ತು" ಅಂದೆ. ಆ ಹೊತ್ತಿಗೆ ನಾನು ಜಾಕನ್ನೇ ನೋಡುತ್ತಾ ನಿಂತಿದ್ದದ್ದು ನಿಜ. ಅವರು ಏನೋ ಬರೆದುಕೊಂಡು ಬೇರೆ ಪ್ರಶ್ನೆಗೆ ಹೋದರು.

ಕೊನೆಯ ದಿನ ಆಯ್ಕೆಯಾದವರ ನಂಬರ್ ಓದಿದಾಗ ನಮ್ಮ ಗುಂಪಿನಲ್ಲಿ ಉಳಿದದ್ದು ಮೂವರು. ಅದಾದ ಮೇಲೆ ಪೈಲಟ್ ಆಗುವವರ ಯಂತ್ರದ ಪರೀಕ್ಷೆ. ಕೈಯಲ್ಲಿ ಹಿಡಿಕೆ, ಕಾಲಿನಡಿ ಪೆಡಲು, ಎದುರಿನ ಪರದೆಯಲ್ಲಿ ಅತ್ತಿತ್ತ ಓಡುವ ಗುರುತನ್ನು ಹಿಡಿದಿಡಬೇಕು. ಜೀವಮಾನದಲ್ಲಿ ಒಂದೇ ಸಲ ಅವಕಾಶ. ಸೋತರೆ ಆ ಬಾಗಿಲು ಶಾಶ್ವತವಾಗಿ ಮುಚ್ಚಿದಂತೆ. ಮೂವರಲ್ಲಿ ಇಬ್ಬರು ಪಾಸಾದೆವು. ಇನ್ನು ವೈದ್ಯಕೀಯ ತಪಾಸಣೆ, ಡಿಗ್ರಿ, ಮೆರಿಟ್ ಪಟ್ಟಿ ಎಲ್ಲ ಬಾಕಿ ಎಂದು ಹೇಳಿಯೇ ಕಳಿಸಿದರು.

ಫೋನು ಕೈಗೆ ಬಂದ ಕೂಡಲೇ ಅಮ್ಮನಿಗೆ ಹೇಳಿದೆ. ಅವಳು ಅತ್ತು, ಊಟ ಮಾಡಿದ್ಯಾ ಎಂದು ಕೇಳಿ, ಮತ್ತೆ ಅತ್ತಳು. "ಅಪ್ಪಂಗೆ ನಾನೇ ಹೇಳ್ತೆ" ಅಂದೆ.

ಮರುದಿನ ಬೆಳಗಿನ ಗಾಡಿಯಲ್ಲಿ ಹೊರಟು ಮಧ್ಯಾಹ್ನ ತಾಳಗುಪ್ಪದಲ್ಲಿ ಇಳಿದೆ. ನಿಲ್ಕುಂದವನ್ನು ಅದರ ಪಾಡಿಗೆ ಬಿಟ್ಟು, ಸಿದ್ದಾಪುರದಿಂದ ನೇರ ಶಿರಸಿಗೆ ಬಂದೆ. ಎಲ್ಲವೂ ಹೊತ್ತಿಗೆ ಸರಿಯಾಗಿ ಸಿಕ್ಕಿತು, ಅದಕ್ಕೂ ಸಿಟ್ಟು ಬಂತು. ಶಿರಸಿಯಲ್ಲಿ ಸಂಜೆಯ ಯಲ್ಲಾಪುರ ಬಸ್ಸು ಅಪ್ಪನದೇ. ಕಾಲಿಡಲು ಜಾಗವಿರಲಿಲ್ಲ. ನುಗ್ಗಿ ಮುಂದೆ ಹೋಗಿ ಡ್ರೈವರ್ ಪಕ್ಕದ ಉದ್ದ ಸೀಟಿನ ತುದಿಯಲ್ಲಿ ಕೂತೆ. ಅಪ್ಪ ಕನ್ನಡಿಯಲ್ಲಿ ನನ್ನನ್ನು ಕಂಡರು, ಏನೂ ಕೇಳಲಿಲ್ಲ. ಪೇಟೆ ದಾಟಿತು, ಕಾಡು ಶುರುವಾಯಿತು, ಆಗಲೂ ಕೇಳಲಿಲ್ಲ. ಮಂಚಿಕೇರಿ ಹತ್ತಿರ ಬರುವ ಹೊತ್ತಿಗೆ ನನಗೆ ತಡೆಯಲಾಗಲಿಲ್ಲ.

"ಎಂತಾಯ್ತು ಅಂತಾದ್ರೂ ಕೇಳಿ ಅಪ್ಪಾ!"

"ಗಾಡಿ ಬಿಡೂವಾಗ ಮಾತಾಡ್ಬಾರ್ದು."

"ಪಾಸಾಯ್ತು. ಯಂತ್ರದ್ದೂ ಪಾಸಾಯ್ತು."

ಅಪ್ಪ ರಸ್ತೆಯನ್ನೇ ನೋಡುತ್ತಿದ್ದರು. ಗೇರು ಬದಲಿಸಲಿಲ್ಲ, ಹಾರ್ನು ಹೊಡೆಯಲಿಲ್ಲ. ಹಿಂದಿನಿಂದ ಟಣ್ ಟಣ್ ಎಂದು ಗಂಟೆ ಬಡಿಯತೊಡಗಿತು. ಹಾವೇರಿ ಕಡೆಯ ಕಂಡಕ್ಟರ್ ಕೂಗಿದ, "ಅಣ್ಣಾರ, ಸ್ಟಾಪ್ ಬಿಟ್ಟು ಬಂದ್ರಲ್ರೀ! ಅಜ್ಜಿ ಕೈ ಮಾಡಾಕತ್ತಿದ್ರು, ನೋಡ್ಲಿಲ್ಲೇನ್ರಿ?"

ಬಸ್ಸು ನಿಂತಿತು. ಅಪ್ಪ ಬಸ್ಸನ್ನು ನಿಧಾನವಾಗಿ ಹಿಂದಕ್ಕೆ ಬಿಟ್ಟರು. ಒಬ್ಬ ಅಜ್ಜಿ ಕೈಚೀಲ ಹಿಡಿದು ಏದುಸಿರು ಬಿಡುತ್ತಾ ಹತ್ತಿ, ನೇರ ಡ್ರೈವರಿನ ಹತ್ತಿರವೇ ಬಂದರು.

"ಕಣ್ಣು ಕಾಣ್ತಿಲ್ಯನಾ ತಮಾ ನಿಂಗೆ? ಆನು ಆಗಿಂದ ಕೈ ಮಾಡ್ತಾ ಇದ್ದೆ!"

"ತಪ್ಪಾಯ್ತು ಅಮ್ಮಾ" ಅಂದರು ಅಪ್ಪ. ಅಂಗಿಯ ತೋಳಿನಿಂದ ಕಣ್ಣೊರೆಸಿಕೊಂಡರು. "ಇವತ್ತು ಸ್ವಲ್ಪ ಕಾಣ್ತಾ ಇಲ್ಲ."

"ಹಂಗಾರೆ ಬಸ್ಸು ಬಿಡದು ಎಂತಕ್ಕೆ?" ಎಂದು ಗದರಿ, ಅಜ್ಜಿ ನನ್ನನ್ನು ಮೊಣಕೈಯಿಂದ ಒತ್ತಿದರು. "ಏ ಕೂಸೆ, ಆಚೆ ಸರಿ."

ನಾನು ಸರಿದೆ. ಅಪ್ಪ ಒಂದನೇ ಗೇರಿಗೆ ಹಾಕಿದರು, ಬಸ್ಸು ಯಲ್ಲಾಪುರದ ಕಡೆ ಹೊರಟಿತು.