ಎಲ್ಲಾ ದೇಶದ ಊಟ

ಹೋಟೆಲಿನ ಯಜಮಾನರ ಮೂಗಿನ ತುದಿಗೆ ಯಾವಾಗಲೂ ಏನಾದರೊಂದು ಅಂಟಿರುತ್ತಿತ್ತು. ಬೆಳಿಗ್ಗೆ ಹೋದರೆ ಚಟ್ನಿಯ ಚುಕ್ಕೆ, ಮಧ್ಯಾಹ್ನ ಸಾರಿನ ಕಲೆ, ಸಂಜೆ ಮೈದಾ ಹಿಟ್ಟು. ಕುದಿಯುವ ಪಾತ್ರೆಯಿಂದ ಒಂದು ಸೌಟು ತೆಗೆದು, ಮೂಗಿಗೆ ತಾಗುವಷ್ಟು ಹತ್ತಿರ ತಂದು, ಕಣ್ಣು ಮುಚ್ಚಿ ಉಸಿರೆಳೆದು, "ಉಪ್ಪು ಸರಿಹೋಯ್ತು" ಎನ್ನುತ್ತಿದ್ದರು. ಉಪ್ಪಿಗೆ ಎಲ್ಲಿಯ ವಾಸನೆ ಯಜಮಾನ್ರೇ ಎಂದು ನಾನು ಕೇಳಿದರೆ, "ಅದು ನಿಮಗೆ ಬರಲ್ಲ ಬಿಡಿ ಟೀಚರಮ್ಮ. ಇಂಗ್ಲಿಷ್ ಓದಿದೋರ ಮೂಗೇ ಬೇರೆ" ಎಂದು ನಗುತ್ತಿದ್ದರು. ಎತ್ತರದ ಆಳು, ಬಾಗಿಲಿಗೆ ತಲೆ ಹೊಡೆಸಿಕೊಂಡು ಹೊಡೆಸಿಕೊಂಡು ಬೆನ್ನು ತುಸು ಬಾಗಿತ್ತು. ಪಂಚೆ ಮಾತ್ರ ಎಷ್ಟು ಹೊತ್ತಿನಲ್ಲೂ ಬೆಳ್ಳಗೆ.

ಹಳೇಬೀಡಿನ ಬಸ್ ನಿಲ್ಲುವ ಜಾಗದಿಂದ ದೇವಸ್ಥಾನದ ಕಡೆಗೆ ನಾಲ್ಕು ಹೆಜ್ಜೆ ಹಾಕಿದರೆ ಅವರ ಹೋಟೆಲು. ಎಪ್ಪತ್ತರ ದಶಕದ ನಡುವಿನಲ್ಲಿ ನಾನು ಅಲ್ಲಿನ ಹೈಸ್ಕೂಲಿಗೆ ಇಂಗ್ಲಿಷ್ ಟೀಚರಾಗಿ ಬಂದೆ. ಅರಸೀಕೆರೆಯವಳು. ಅಪ್ಪ ರೈಲ್ವೆಯಲ್ಲಿದ್ದರು. ಅಮ್ಮ ನನಗೆ ಬುದ್ಧಿ ಬರುವ ಮೊದಲೇ ಹೋಗಿದ್ದಳು. ನಮ್ಮ ಕ್ವಾರ್ಟರ್ಸಿನಲ್ಲಿ ಒಲೆ ಹಚ್ಚಿದ್ದಕ್ಕಿಂತ ಸ್ಟೇಷನ್ನಿನ ಕ್ಯಾಂಟೀನಿನಿಂದ ತಂದ ಪೊಟ್ಟಣ ಬಿಚ್ಚಿದ್ದೇ ಹೆಚ್ಚು. ನನಗೆ ಕೆಲಸ ಸಿಕ್ಕ ವರ್ಷವೇ ಅಪ್ಪನೂ ತೀರಿಕೊಂಡರು. ಹಳೇಬೀಡಿನಲ್ಲಿ ಹಿಡಿದ ಬಾಡಿಗೆ ಕೋಣೆಯ ಒಡತಿ ಮೊದಲ ದಿನವೇ ಹೇಳಿಬಿಟ್ಟರು: "ಸ್ಟವ್ ಹಚ್ಚಂಗಿಲ್ಲ ಕಣಮ್ಮ, ಗೋಡೆಗೆಲ್ಲ ಮಸಿ ಹಿಡೀತದೆ." ಹೀಗಾಗಿ ಮೂರು ಹೊತ್ತೂ ಹೋಟೆಲೇ ಗತಿಯಾಯಿತು.

ಆಗೆಲ್ಲ ಹೆಂಗಸೊಬ್ಬಳು ಒಂಟಿಯಾಗಿ ಹೋಟೆಲಿನಲ್ಲಿ ಕೂತು ಉಣ್ಣುವುದೆಂದರೆ ಊರಿಗೆಲ್ಲ ಸುದ್ದಿ. ಯಜಮಾನರು ನನ್ನನ್ನು ಒಳಗಿನ ಚಿಕ್ಕ ಕೋಣೆಗೆ ಕರೆದುಕೊಂಡು ಹೋದರು. ಬಾಗಿಲಿಗೆ ಹಸಿರು ಪರದೆ, ಮೇಲೆ ಬಣ್ಣದಲ್ಲಿ ಬರೆದ 'ಫ್ಯಾಮಿಲಿ ರೂಂ'. ಒಳಗೆ ಒಂದು ಮೇಜು, ನಾಲ್ಕು ಕುರ್ಚಿ. ಆ ನಾಲ್ಕರಲ್ಲಿ ಒಂದರ ಮೇಲೆ ನಾನು ಆರು ವರ್ಷ ಕೂತು ಉಂಡೆ. ಉಳಿದ ಮೂರನ್ನು ನೋಡಿಕೊಂಡು ಅನ್ನ ಕಲಸುವುದು ಮೊದಮೊದಲು ಬಹಳ ಕಷ್ಟವಾಗುತ್ತಿತ್ತು. ಯಜಮಾನರು ಒಂದು ದಿನಕ್ಕೂ ಪರದೆ ಸರಿಸಿ ಒಳಗೆ ಬಂದವರಲ್ಲ. ಬಡಿಸುವುದಕ್ಕೆ ಒಬ್ಬಳು ಮುದುಕಿ ಇದ್ದಳು. ಅವರು ಪರದೆಯ ಆಚೆ ನಿಂತುಕೊಂಡು, "ಹೇಗಿದೆ ಟೀಚರಮ್ಮ?" ಎಂದು ಕೇಳುವರು. ನಾನು ಈಚೆಯಿಂದ, "ಚೆನ್ನಾಗಿದೆ ಯಜಮಾನ್ರೇ" ಎನ್ನುವೆ. ಎಷ್ಟೋ ದಿನ ಶಾಲೆಯ ಪಾಠ ಬಿಟ್ಟರೆ ನಾನು ಆಡುತ್ತಿದ್ದ ಮಾತು ಅಷ್ಟೇ.

ಈ ಹೋಟೆಲಿನ ಹೊರಗೆ ಒಂದು ಬೋರ್ಡಿತ್ತು: 'ಇಲ್ಲಿ ಎಲ್ಲಾ ದೇಶದ ಊಟ ಸಿಗುತ್ತದೆ. ಮಾಂಸ, ಮೊಟ್ಟೆ ಇಲ್ಲ.' ನಗಬೇಡಿ, ಸಿಗುತ್ತಿತ್ತು. ದೇವಸ್ಥಾನ ನೋಡಲು ಬಂದ ವಿದೇಶದವರು ಸಾಂಬಾರಿನ ಖಾರಕ್ಕೆ ಕಣ್ಣು ಮೂಗು ಒರೆಸಿಕೊಳ್ಳುತ್ತಿದ್ದರೆ, ಯಜಮಾನರು ಹತ್ತಿರ ಹೋಗಿ, "ಯುವರ್ ಹೌಸ್, ವಾಟ್ ಈಟಿಂಗ್?" ಎಂದು ಕೇಳುವರು. ಉತ್ತರ ಅರ್ಥವಾಗದಿದ್ದರೆ ನನಗೆ ಹೇಳಿಕಳಿಸುವರು. ನಾನು ಕೇಳಿ, ಕನ್ನಡ ಮಾಡಿ ಹೇಳುವೆ. ಆಮೇಲೆ ಬೇಲೂರಿನ ಬಸ್ಸಿನಲ್ಲಿ ಬ್ರೆಡ್ಡು ಬರುವುದು, ಹಾಸನಕ್ಕೆ ಹೋದವರ ಕೈಲಿ ಚೀಸಿನ ಡಬ್ಬ ಬರುವುದು. ಹಾಗೆ ಹುಟ್ಟಿದ್ದು ಇಟಲಿ ಶಾವಿಗೆ, ಫ್ರಾನ್ಸ್ ದೋಸೆ, ಜರ್ಮನಿ ಪಲ್ಯ, ಜಪಾನ್ ಗಂಜಿ. ಜರ್ಮನಿ ಪಲ್ಯವೆಂದರೆ ಬೇಯಿಸಿದ ಎಲೆಕೋಸಿಗೆ ನಿಂಬೆಹಣ್ಣು ಹಿಂಡಿದ್ದು. ವಿದೇಶದವರಿಗಿಂತ ನಮ್ಮ ರೈತರಿಗೇ ಅದು ಹಿಡಿಸಿತು. ಗೆಂಡೆಹಳ್ಳಿಯ ಕಡೆಯವನೊಬ್ಬ ಬೆಂಚಿನ ಮೇಲೆ ಟವೆಲು ಹಾಕಿ ಕೂಗುತ್ತಿದ್ದ: "ಸ್ವಾಮೇ, ನಂಗೊಂದು ಜರ್ಮನಿ, ಇವನಿಗೆ ಎಲ್ಡು ಫ್ರಾನ್ಸು! ಬಿಸಿ ಐತಾ?"

ಇಷ್ಟೆಲ್ಲ ಮಾಡುವ ಮನುಷ್ಯ ಅದರಲ್ಲಿ ಒಂದು ತುತ್ತನ್ನೂ ಬಾಯಿಗೆ ಹಾಕಿದವರಲ್ಲ. ಬಸದಿಯ ಬೀದಿಯ ಜೈನರು ಅವರು. ಹೊತ್ತು ಮುಳುಗಿದ ಮೇಲೆ ಉಣ್ಣದಿರುವುದು ಅವರ ಮನೆತನದಲ್ಲೇ ಇತ್ತು. ಹೆಂಡತಿ ತೀರಿಕೊಂಡ ಮೇಲೆ ಅದರ ಜೊತೆಗೆ ಇನ್ನೊಂದು ವ್ರತ ಹಿಡಿದರು: ತಮ್ಮ ಮನೆಯ ಒಲೆಯ ಮೇಲೆ ತಾವೇ ಬೇಯಿಸಿಕೊಂಡದ್ದನ್ನು ಬಿಟ್ಟು ಬೇರೇನೂ ಇಲ್ಲ, ಅದೂ ದಿನಕ್ಕೆ ಒಂದೇ ಸಲ. ಹೋಟೆಲಿನದು ನೀರೂ ಇಲ್ಲ. ಮೂಗಿಗೆ ಅಷ್ಟು ಕೆಲಸ ಬಿದ್ದದ್ದು ಅದಕ್ಕೇ.

ಯಾಕೆ ಯಜಮಾನ್ರೇ ಈ ದೇಶದೇಶದ ಅಡಿಗೆಯ ಉಸಾಬರಿ ಎಂದು ಒಮ್ಮೆ ಕೇಳಿದೆ. ಪರದೆಯ ಆಚೆ ಅವರು ಒರೆಸುತ್ತಿದ್ದ ಲೋಟ ಕೆಳಗಿಟ್ಟ ಸದ್ದಾಯಿತು. ಆಮೇಲೆ ಹೇಳಿದರು: "ನನ್ನ ಮನೆಯೋಳು ಕಾರ್ಕಳದ ಕಡೆಯೋಳು ಟೀಚರಮ್ಮ. ಇಲ್ಲಿಗೆ ಬಂದು ಹದಿನಾರು ವರ್ಷ ನಮ್ಮ ಅನ್ನ, ನಮ್ಮ ರಾಗಿ ಉಂಡ್ಲು. ಕುಚ್ಚಲಕ್ಕಿ ಅನ್ನ ಬೇಕು ಅಂತ ಒಂದು ದಿನಾನೂ ಬಾಯಿಬಿಡಲಿಲ್ಲ. ಕೊನೇಲಿ, ಹಾಸಿಗೆ ಹಿಡಿದ ಮೇಲೆ, ಒಂದು ಸಲ ಕೇಳಿದ್ಲು. ಮಳೆಗೆ ಘಾಟಿ ರಸ್ತೆ ಕುಸಿದಿತ್ತು. ಬೇಲೂರು, ಹಾಸನ ಎಲ್ಲ ತಿರುಗಿದೆ. ಸಿಗಲಿಲ್ಲ. ತರಿಸೋದ್ರೊಳಗೆ ಹೋಗಿಬಿಟ್ಲು." ಇನ್ನೊಂದು ಲೋಟ ಎತ್ತಿಕೊಂಡ ಸದ್ದಾಯಿತು. "ಈ ಜನ ಅಷ್ಟು ದೂರದಿಂದ ಬಂದು ಕಲ್ಲು ನೋಡ್ತಾರೆ. ಹೊಟ್ಟೆ ಮಾತ್ರ ಊರಲ್ಲೇ ಇರುತ್ತೆ. ಒಬ್ಬರು, ಒಬ್ಬರೇ ಒಬ್ಬರು, ಇದು ನಮ್ಮ ಮನೇಲಿ ಉಂಡಂಗೇ ಇದೆ ಅಂದ್ರೆ ಸಾಕು ನನಗೆ."

ಆ ಒಬ್ಬರಿಗಾಗಿ ಅವರು ವರ್ಷಗಟ್ಟಲೆ ಕಾದರು. ತಾವು ರುಚಿ ನೋಡುವಂತಿಲ್ಲವಾದ್ದರಿಂದ ಹೊಸದೇನು ಮಾಡಿದರೂ ಮೊದಲ ತಟ್ಟೆ ಪರದೆಯ ಒಳಗೆ ನನಗೆ ಬರುತ್ತಿತ್ತು. ನಾನೋ, ಅರಸೀಕೆರೆ ಬಿಟ್ಟರೆ ಹಳೇಬೀಡು, ಹಳೇಬೀಡು ಬಿಟ್ಟರೆ ಅರಸೀಕೆರೆ ಕಂಡವಳು. ಇಟಲಿಯ ಊಟದ ರುಚಿ ನನಗೆ ಹೇಗೆ ಗೊತ್ತಿರಬೇಕು! ಆದರೂ ಕೆಟ್ಟದ್ದು ಕೆಟ್ಟದ್ದೆಂದು ನಾಲಿಗೆಗೆ ತಿಳಿಯದೆ ಇರುತ್ತದೆಯೇ? ಆ ಶಾವಿಗೆ ಬೆಂದು ಬೆಂದು ಸಿನಿಮಾ ಪೋಸ್ಟರು ಅಂಟಿಸುವ ಮೈದಾ ಅಂಟಿನ ಹಾಗಾಗಿರುತ್ತಿತ್ತು. ಟೊಮೇಟೊ ಹಸಿಹಸಿ. ನಾನು ಕಷ್ಟಪಟ್ಟು ನುಂಗಿ, "ಬಹಳ ಚೆನ್ನಾಗಿದೆ ಯಜಮಾನ್ರೇ" ಎನ್ನುತ್ತಿದ್ದೆ. ನಡುವೆ ಪರದೆ ಇದ್ದದ್ದರಿಂದ ಸುಳ್ಳು ಸಲೀಸಾಗಿ ಬರುತ್ತಿತ್ತು. ಚೆನ್ನಾಗಿಲ್ಲ ಎಂದರೆ ನಾಳೆಯಿಂದ ಅವರು ಕರೆಯುವುದನ್ನು ಬಿಟ್ಟಾರು ಎಂಬ ಹೆದರಿಕೆ. ದಿನಕ್ಕೊಂದು ಸಲ ನನ್ನ ಅಭಿಪ್ರಾಯ ಕೇಳುವ ಮನುಷ್ಯ ಇಡೀ ಜಗತ್ತಿನಲ್ಲಿ ಅವರೊಬ್ಬರೇ ಇದ್ದರು.

ಒಂದು ಮಧ್ಯಾಹ್ನ ವಯಸ್ಸಾದ ಒಬ್ಬ ವಿದೇಶಿ ಹೆಂಗಸು ಒಬ್ಬಳೇ ಬಂದಳು. ಬಿಸಿಲಿಗೆ ಮುಖ ಕೆಂಪಾಗಿತ್ತು. ಇಟಲಿಯವಳು ಎಂದು ತಿಳಿಯುತ್ತಲೇ ಯಜಮಾನರ ಕೈಕಾಲು ನಿಲ್ಲಲಿಲ್ಲ. ಶನಿವಾರವಾದ್ದರಿಂದ ನಾನು ಬೇಗ ಬಂದಿದ್ದೆ. ಆಕೆಯನ್ನೂ ಫ್ಯಾಮಿಲಿ ರೂಮಿನಲ್ಲೇ, ನನ್ನ ಎದುರಿನ ಕುರ್ಚಿಯಲ್ಲಿ ಕೂರಿಸಿದರು. ಅವತ್ತೊಂದು ದಿನ ಮಾತ್ರ ಪರದೆಯನ್ನು ಪೂರ್ತಿ ಸರಿಸಿ, ತಟ್ಟೆಯನ್ನು ತಾವೇ ತಂದಿಟ್ಟು, ಬಾಗಿಲಲ್ಲಿ ಕೈಕಟ್ಟಿ ನಿಂತರು. ಆಕೆ ಒಂದು ಚಮಚ ತಿಂದಳು, ಕಣ್ಣು ಮುಚ್ಚಿದಳು. ಯಜಮಾನರು ನನ್ನ ಕಡೆ ನೋಡಿ ನಕ್ಕರು. ಆಕೆ ಕಣ್ಣು ಬಿಟ್ಟು, ಚಮಚ ಕೆಳಗಿಟ್ಟು, ತನಗೆ ಬರುವ ಅಷ್ಟಿಷ್ಟು ಇಂಗ್ಲಿಷಿನಲ್ಲಿ ನನಗೆ ಹೇಳಿದಳು: "ಇದು ನಮ್ಮದಲ್ಲ. ಇದು ಸರಿಯಾಗಿದೆ ಅಂತ ಇವರಿಗೆ ಯಾರು ಹೇಳಿದರು?"

"ಏನಂತೆ?" ಎಂದರು ಯಜಮಾನರು.

"ತುಂಬಾ ಚೆನ್ನಾಗಿದೆಯಂತೆ. ಹೊಟ್ಟೆ ತುಂಬಿದೆಯಂತೆ" ಎಂದೆ.

ಅವರು ಆ ತುಂಬಿದ ತಟ್ಟೆಯನ್ನು ನೋಡಿದರು. ನನ್ನ ಮುಖ ನೋಡಿದರು. ಆಕೆಗೆ ಎರಡು ಬಾಳೆಹಣ್ಣು, ಒಂದು ಲೋಟ ಹಾಲು ಕೊಟ್ಟು ಕಳಿಸಿದ ಮೇಲೆ ಬಂದು, "ಉಂಡ ತಟ್ಟೆ ಸುಳ್ಳು ಹೇಳಲ್ಲ ಟೀಚರಮ್ಮ. ನಿಮ್ಮ ನಾಲಿಗೇನ ನನ್ನ ನಾಲಿಗೆ ಅಂತ ನಂಬಿದ್ದೆ" ಎಂದರು. ಗದರಿದ್ದರೆ ತಡೆದುಕೊಳ್ಳುತ್ತಿದ್ದೆ. ಮೆಲ್ಲಗೆ ಹೇಳಿದರು. ಕೈ ತೊಳೆದವಳು ಹಾಗೇ ಹೊರಟುಹೋದೆ.

ಆಮೇಲೆ ಒಂಬತ್ತು ದಿನ ಆ ಕಡೆ ತಲೆ ಹಾಕಲಿಲ್ಲ. ಬನ್ನು, ಬಾಳೆಹಣ್ಣು, ಕಡಲೆಪುರಿಯಲ್ಲಿ ಕಾಲ ಹಾಕಿದೆ. ಹೊಟ್ಟೆಯ ಹಸಿವಿಗಿಂತ, 'ಹೇಗಿದೆ' ಎಂಬ ಆ ದನಿ ಇಲ್ಲದ್ದು ಹೆಚ್ಚು ಕಾಡಿತು. ಕೋಣೆಯಲ್ಲಿ ಕೂತು ಅತ್ತೆ ಕೂಡ. ಹತ್ತನೆಯ ದಿನ ಊಟದ ಬಿಡುವಿನಲ್ಲಿ ನೋಡಿದರೆ, ಶಾಲೆಯ ಗೇಟಿನಲ್ಲಿ ಯಜಮಾನರು. ಬೆಳ್ಳಗಿನ ಪಂಚೆ, ಕೈಯಲ್ಲಿ ಕ್ಯಾರಿಯರು. ಮಕ್ಕಳೆಲ್ಲ ಸುತ್ತ ನಿಂತು ನೋಡುತ್ತಿದ್ದವು. ಅಂಥ ಸಂಕೋಚದ ಮನುಷ್ಯ, ಇಡೀ ಊರಿನ ಕಣ್ಣೆದುರು, ಪರದೆ ಗಿರದೆ ಒಂದೂ ಇಲ್ಲದೆ ನಿಂತಿದ್ದರು.

"ಶಾವಿಗೆ ತಂದಿದೀನಿ. ತಿಂದು ಬೈಯಿರಿ" ಎಂದರು.

ಜಗಲಿಯ ಮೇಲೆ ಕೂತು ತಿಂದೆ. ಬೈದೆ. ಶಾವಿಗೆ ಕರಗಿಹೋಗಿದೆ, ಉಪ್ಪು ಕಡಿಮೆ, ಟೊಮೇಟೊ ಹಸಿ, ಒಗ್ಗರಣೆ ಸೀದಿದೆ. ಅವರು ಕ್ಯಾಲೆಂಡರಿನ ಹಾಳೆಯ ಹಿಂದೆ ಒಂದೊಂದನ್ನೇ ಬರೆದುಕೊಂಡರು. ನಾನು ಬೈದಷ್ಟೂ ಅವರ ಮುಖ ಅರಳುತ್ತಾ ಹೋಯಿತು.

"ಇಷ್ಟು ದಿನ ಯಾಕೆ ಹೇಳಲಿಲ್ಲ?"

"ಹೇಳಿದ್ರೆ ನೀವು ಕರೆಯೋದು ಬಿಟ್ಟುಬಿಡ್ತೀರಿ ಅಂತ..."

ಪೆನ್ಸಿಲು ಕಿವಿಗೆ ಸಿಕ್ಕಿಸಿಕೊಂಡು ಎದ್ದು ನಿಂತರು. "ರುಚಿ ನೋಡೋಕೆ ಮಾತ್ರ ಕರೀತಿದ್ದೆ ಅಂದ್ಕೊಂಡ್ರಾ?" ಎಂದು ಕ್ಯಾರಿಯರು ಎತ್ತಿಕೊಂಡು ಹೊರಟರು. ನಾನು ತರಗತಿಗೆ ಹೋದೆ. ಹಿಂದಿನ ದಿನ ಮುಗಿಸಿದ್ದ ಪದ್ಯವನ್ನೇ ಮತ್ತೆ ಮೊದಲಿನಿಂದ ಓದಿಸಿದೆ.

ಅಲ್ಲಿಂದಾಚೆಗೆ ನಾನು ದಿನವೂ ಬೈದೆ, ಅವರು ದಿನವೂ ತಿದ್ದಿದರು. ಶಾವಿಗೆ ಬಿಡಿಬಿಡಿಯಾಯಿತು. ಜರ್ಮನಿಗೆ ಜೀರಿಗೆ ಬಿತ್ತು. ತಟ್ಟೆಗಳು ಖಾಲಿಯಾಗಿ ಬರತೊಡಗಿದವು. ವಿದೇಶದವರು ಕೈಕುಲುಕಿದರು, ಫೋಟೋ ತೆಗೆಸಿಕೊಂಡರು. ಆದರೆ ಮನೆಯ ಹಾಗಿದೆ ಎಂದವರು ಒಬ್ಬರೂ ಇಲ್ಲ. ಫ್ರಾನ್ಸಿನವನೊಬ್ಬ ದೋಸೆಯನ್ನು ಹೊಗಳಿ ಹೊಗಳಿ, ಕೊನೆಗೆ ಇಂಥದ್ದನ್ನು ಜನ್ಮದಲ್ಲೇ ತಿಂದಿರಲಿಲ್ಲ ಎಂದುಬಿಟ್ಟ. ಅದನ್ನೂ ಇದ್ದದ್ದು ಇದ್ದ ಹಾಗೆ ಕನ್ನಡ ಮಾಡಿದೆ. ಯಜಮಾನರು ನಕ್ಕರು, ಒಳಗೆ ಹೋಗಿ ಬಹಳ ಹೊತ್ತು ಪಾತ್ರೆ ಸದ್ದು ಮಾಡಿದರು.

ಎಂಬತ್ತರ ದಶಕದ ಮೊದಲಲ್ಲಿ ನನಗೆ ಅರಸೀಕೆರೆಗೆ ವರ್ಗವಾಯಿತು. ಹೊಸ ಮನೆಯಲ್ಲಿ ಸ್ಟವ್ ಹಚ್ಚಲು ಯಾರ ಅಡ್ಡಿಯೂ ಇರಲಿಲ್ಲ. ಒಬ್ಬಳಿಗೆಂದು ಅನ್ನ ಮಾಡಿಕೊಂಡು, ನಿಂತುಕೊಂಡೇ ತಿಂದು ಮುಗಿಸುತ್ತಿದ್ದೆ. ವರ್ಷಕ್ಕೆ ಎರಡು ಸಲ ಹಳೇಬೀಡಿಗೆ ಹೋಗುವೆ, ತಿಂದು ಬೈದು ಬರುವೆ. ನಾಲ್ಕು ವರ್ಷ ಕಳೆದಿರಬೇಕು, ಅವರಿಗೆ ಹುಷಾರಿಲ್ಲ, ಹೋಟೆಲು ಮುಚ್ಚಿದೆ ಎಂದು ಹಳೆಯ ಶಾಲೆಯವರೊಬ್ಬರು ಹೇಳಿದರು. ಭಾನುವಾರ ಹೋದೆ.

ಬಸದಿಯ ಬೀದಿಯ ಮನೆಯಲ್ಲಿ, ಕಿಟಕಿಯ ಪಕ್ಕದ ಮಂಚದ ಮೇಲೆ ಮಲಗಿದ್ದರು. ಅಷ್ಟು ಎತ್ತರದ ಜೀವ ಕಂಬಳಿಯ ಕೆಳಗೆ ಇದ್ದೂ ಇಲ್ಲದಂತಿತ್ತು. ತಮ್ಮನ ಮನೆಯವರು ನೋಡಿಕೊಳ್ಳುತ್ತಿದ್ದರು. ನಾಲ್ಕು ದಿನದಿಂದ ನೀರು ಬಿಟ್ಟರೆ ಬೇರೇನೂ ಒಳಗೆ ಹೋಗಿರಲಿಲ್ಲವಂತೆ. ನನ್ನನ್ನು ಗುರುತು ಹಿಡಿದು, "ಟೀಚರಮ್ಮ, ಒಂದು ಆಸೆ ಐತೆ" ಎಂದರು. "ಮಾಡಿದ್ದೇ ಮಾಡಿದ್ದು, ಒಂದನ್ನೂ ತಿನ್ನಲಿಲ್ಲ. ಯಾವ್ಯಾವುದು ಹೆಂಗಿತ್ತು ಅಂತ ಹೇಳಿ. ನಿಜ ಹೇಳ್ಬೇಕು."

ಹೇಳಿದೆ. ಫ್ರಾನ್ಸ್ ದೋಸೆಯ ಅಂಚು ಹಪ್ಪಳದ ಹಾಗೆ ಮುರಿಯುತ್ತಿತ್ತು, ನಡುವೆ ತುಪ್ಪ, ಬಾಳೆಹಣ್ಣು ಮೆತ್ತಗೆ ಸೇರಿರುತ್ತಿತ್ತು ಎಂದೆ. ಎಲೆಕೋಸಿನ ಹುಳಿ ಹಲ್ಲಿಗೆ ಹೇಗೆ ಚುರುಕು ಮುಟ್ಟಿಸುತ್ತಿತ್ತು ಎಂದು ಹೇಳಿದೆ. ಜಪಾನ್ ಗಂಜಿಯಂಥ ಸಪ್ಪೆ ಪದಾರ್ಥ ಭೂಮಿಯ ಮೇಲೆ ಇನ್ನೊಂದಿಲ್ಲ ಎಂದಾಗ ನಕ್ಕು ನಕ್ಕು ಕೆಮ್ಮು ಬಂತು. ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದರು. ಅವರ ಗಂಟಲು ಮೆಲ್ಲಗೆ ಆಡುತ್ತಿತ್ತು, ನುಂಗುವವರ ಹಾಗೆ. ಮುಗಿದ ಮೇಲೆ ಕೇಳಿದರು:

"ಒಂದಾದ್ರೂ, ಯಾರಿಗಾದ್ರೂ, ಮನೆ ಊಟದಂಗೆ ಇತ್ತಾ?"

ಸುಳ್ಳು ಹೇಳಬಾರದೆಂದು ನಾನು ಎಷ್ಟು ಎಚ್ಚರವಾಗಿದ್ದೆನೆಂದರೆ, "ನನಗೆ ಹೇಗೆ ಗೊತ್ತಾಗುತ್ತೆ ಯಜಮಾನ್ರೇ? ಅವರ ಮನೆಗಳನ್ನ ನಾನು ನೋಡಿಲ್ಲವಲ್ಲ" ಎಂದೆ.

"ಅದೂ ಸರಿ" ಎಂದರು. ಕಂಬಳಿ ಎಳೆದುಕೊಂಡು, "ಹೊತ್ತಾಯ್ತು, ನಾಲ್ಕೂವರೆ ಬಸ್ಸು ತಪ್ಪುತ್ತೆ, ಹೊರಡಿ" ಎಂದು ಗೋಡೆಯ ಕಡೆ ತಿರುಗಿ ಮಲಗಿದರು.

ಬಸ್ಸು ಜಾವಗಲ್ಲು ದಾಟಿದ ಮೇಲೆ ನನಗೆ ಹೊಳೆಯಿತು. ಮನೆ ಊಟ ಎಂದರೆ ನನಗೆ ಗೊತ್ತಿದ್ದದ್ದು ಅವರ ಹೋಟೆಲಿನದೊಂದೇ. ಆರು ವರ್ಷ, ಮೂರು ಹೊತ್ತು, ಆ ಶಾವಿಗೆ, ಆ ಗಂಜಿ, ಪರದೆಯ ಆಚೆಯ ಆ ದನಿ. ಯಾರಾದರೂ ನಿನ್ನ ಮನೆಯಲ್ಲಿ ಏನು ಉಣ್ಣುತ್ತಿದ್ದೆ ಎಂದು ಕೇಳಿದರೆ ನಾನು ಬೇರೆ ಯಾವ ಊಟದ ಹೆಸರು ಹೇಳಲಿ? ಮುಂದಿನ ಭಾನುವಾರ ಹೋಗಿ ಹೇಳಿಬಿಡಬೇಕು ಎಂದುಕೊಂಡೆ. ಗುರುವಾರವೇ ಅವರು ತೀರಿಕೊಂಡರು.

ಅವರು ಅಷ್ಟು ವರ್ಷ ಕಾದದ್ದು ಒಬ್ಬರಿಗಾಗಿ. ಆ ಒಬ್ಬಳು ಅವರ ಮಂಚದ ಪಕ್ಕದಲ್ಲೇ ಕೂತಿದ್ದಳು, ಗೊತ್ತಿಲ್ಲ ಎಂದು ಹೇಳಿ ಬಸ್ಸು ಹತ್ತಿದಳು.