ಗಾತ್ರ ಬದಲಾಗದ ಹಿಟ್ಟು

ಮಕ್ಕಳೇ, ಉಪ್ಪು ಗಟ್ಟಿ ವಸ್ತುವೋ ನೀರಿನ ಜಾತಿಯದೋ ಎಂಬುದು ಈ ವಯಸ್ಸಿನಲ್ಲೂ ನನಗೆ ಸರಿಯಾಗಿ ತಿಳಿದಿಲ್ಲ. ಡಬ್ಬಿಗೆ ಸುರಿದರೆ ಅದು ಡಬ್ಬಿಯ ಆಕಾರಕ್ಕೆ ಬರುತ್ತದೆ, ಭರಣಿಗೆ ಸುರಿದರೆ ಭರಣಿಯ ಆಕಾರಕ್ಕೆ. ನೀರು ಮಾಡುವುದೂ ಅದನ್ನೇ ತಾನೇ? ಕೇಳಿದರೆ ನಿಮ್ಮ ಅಮ್ಮ ನಗುತ್ತಾಳೆ. ಹಾಗಾಗಿ ಕೇಳುವುದನ್ನು ಬಿಟ್ಟು ಬರೆಯುತ್ತಿದ್ದೇನೆ. ಕನ್ನಡ ಅಕ್ಷರ ಕೂಡಿಸಲು ಕಷ್ಟವಾದರೆ ಅಪ್ಪನ ಹತ್ತಿರ ಓದಿಸಿಕೊಳ್ಳಿ.

ನಾನು ಓದಿದ ಊರ ಶಾಲೆಯಲ್ಲಿ ಈ ಗೊಂದಲ ಇರಲಿಲ್ಲ. ಮಾಸ್ತರರು "ಘನ, ದ್ರವ, ಅನಿಲ" ಎಂದರೆ ನಾವು "ಕಲ್ಲು, ನೀರು, ಗಾಳಿ" ಎಂದು ಕೂಗುತ್ತಿದ್ದೆವು. ಲೋಕ ಅಷ್ಟಕ್ಕೇ ಮುಗಿಯುತ್ತಿತ್ತು. ಕೂಗುತ್ತಿದ್ದೆವು ಎಂದೆನಲ್ಲ, ನಾನು ಬಾಯಿ ಆಡಿಸುತ್ತಿದ್ದೆ ಅಷ್ಟೆ. ಎದ್ದು ನಿಂತು ಹೇಳು ಎಂದರೆ, ಗೊತ್ತಿದ್ದ ಉತ್ತರವೂ ಗಂಟಲಲ್ಲಿ ಕೂತುಬಿಡುತ್ತಿತ್ತು.

ನಿಮ್ಮಲ್ಲಿ ದೊಡ್ಡವಳಾದ ನಿಧಿಗೆ ನನ್ನಿಂದ ಹೋದದ್ದು ಮೂಗಲ್ಲ, ಬಣ್ಣವಲ್ಲ, ಈ ಗಂಟಲು. ಒಮ್ಮೆ ತರಗತಿಯ ಎದುರು ನಿಂತವಳು ಒಂದಕ್ಷರವೂ ಆಡದೆ ಬಂದು ಕೂತಳಂತೆ. ಅಂದಿನಿಂದ ಮಕ್ಕಳು ಅವಳನ್ನು "ಮ್ಯೂಟ್ ಬಟನ್" ಎಂದು ಕರೆಯುತ್ತಾರೆ. ಅಕ್ಟೋಬರಿನ ಸೆಖೆಯಲ್ಲಿ ಒಂದು ಸಂಜೆ ಅವಳು ಅಡುಗೆಮನೆಗೆ ಬಂದು ನನ್ನ ಸೆರಗು ಹಿಡಿದಳು.

"ಅಜ್ಜಿ, ನಾಳೆ ಮನೆಯಿಂದ ಒಂದು ಲಿಕ್ವಿಡ್ ತಗೊಂಡು ಹೋಗ್ಬೇಕು. ಸಬ್ಕೇ ಸಾಮ್ನೆ ನಿಂತು ಅದರ ಬಗ್ಗೆ ಹೇಳ್ಬೇಕು. ಈ ಸಲ ನಾನು ಹೇಳ್ಲಿಲ್ಲ ಅಂದ್ರೆ..." ಮುಂದಿನ ಮಾತು ಬರಲಿಲ್ಲ. ಅದು ಎಲ್ಲಿ ಸಿಕ್ಕಿಕೊಂಡಿದೆ ಎಂದು ನನಗೆ ಚೆನ್ನಾಗಿ ಗೊತ್ತಿತ್ತು.

"ನೀರು ತಗೊಂಡು ಹೋಗು ಮಗಾ."

"ಎಲ್ಲರೂ ನೀರೇ ತರ್ತಾರೆ. ಮುಝೇ ಅಲಗ್ ಚಾಹಿಯೇ, ಬೇರೆ ಎಂತಾದ್ರೂ."

ಅದೇ ಹೊತ್ತಿಗೆ ನಾನು ಇಡ್ಲಿ ಹಿಟ್ಟು ರುಬ್ಬಿ ಮುಗಿಸಿದ್ದೆ. ಸೌಟಿನಿಂದ ಎತ್ತಿ ಸುರಿದು ತೋರಿಸಿದೆ. ಹರಿಯಿತು. ನಿಧಿ ಕುಣಿದಳು. ನನಗೆ ಮಾತ್ರ ಆಗಲೇ ಅನುಮಾನ ಶುರುವಾಯಿತು. ಹರಿಯುವುದೇನೋ ನಿಜ, ಆದರೆ ಬೆರಳಿಗೆ ತಗಲುವ ಅಕ್ಕಿ ತರಿ ಗಟ್ಟಿಯಲ್ಲವೇ? ಏಳುವ ಗುಳ್ಳೆಯೊಳಗೆ ಇರುವುದು ಗಾಳಿಯಲ್ಲವೇ? ನಿಮ್ಮ ಅಜ್ಜ ಬೈಕುಲ್ಲಾದ ಹೋಟೆಲಿನಲ್ಲಿದ್ದಾಗ ಗ್ಯಾಸ್ ಸಿಲಿಂಡರನ್ನು ಅಲ್ಲಾಡಿಸಿ, ಒಳಗೆ ಎಷ್ಟು ಉಳಿದಿದೆ ಎಂದು ಸದ್ದಿನಿಂದಲೇ ಹೇಳುತ್ತಿದ್ದರು. ಒಳಗೆ ನೀರಿನ ಹಾಗೆ ಕುಲುಕುತ್ತಿತ್ತು. ಹೆಸರು ಗ್ಯಾಸ್, ಸದ್ದು ನೀರಿನದು! ಆಗಲೇ ನನಗೆ ಮಾಸ್ತರರ ಪಾಠದ ಮೇಲೆ ಸಂಶಯ ಬಂದಿತ್ತು. ಯಾರನ್ನೂ ಕೇಳಲಿಲ್ಲ.

ನಿಮ್ಮ ಅಮ್ಮ ವಿಕ್ರೋಳಿಯ ಆಫೀಸಿನಿಂದ ಬಂದವಳು ಬ್ಯಾಗು ಇಳಿಸುವ ಮೊದಲೇ ವಿವರಿಸಿದಳು: "ಈಸಿ ಉಂಟು ಅತ್ತೆ. ಸಾಲಿಡ್ ಅಂದ್ರೆ ಸಂಜೆಯ ಲೋಕಲ್ ಟ್ರೈನಿನ ಲೇಡೀಸ್ ಡಬ್ಬ. ಅಲ್ಲಾಡ್ಲಿಕ್ಕೂ ಜಾಗ ಇಲ್ಲ. ಲಿಕ್ವಿಡ್ ಅಂದ್ರೆ ಸ್ಟೇಷನ್ ಬ್ರಿಜ್, ತಾಗಿಕೊಂಡೇ ಹರೀತಾ ಇರ್ತೇವೆ. ಹೊರಗೆ ಬಂದ್ರೆ ಗ್ಯಾಸ್, ಒಬ್ಬೊಬ್ರು ಒಂದೊಂದು ದಿಕ್ಕಿಗೆ."

ಕೇಳಲು ಚೆನ್ನಾಗಿತ್ತು. ಆದರೆ ಆ ಹೆಂಗಸರು ಡಬ್ಬದ ಆಕಾರಕ್ಕೇ ಬಂದಿರುತ್ತಾರಲ್ಲ, ಹಾಗಾದರೆ ಅವರು ದ್ರವವಲ್ಲವೇ? ಕೇಳೋಣ ಎನ್ನುವಷ್ಟರಲ್ಲಿ ಅವಳು ಸ್ನಾನಕ್ಕೆ ಹೋಗಿದ್ದಳು.

ಕೊನೆಗೆ ನಿಧಿ ಪುಸ್ತಕ ತೆರೆದು ನನಗೆ ತಿಳಿಯುವ ಹಾಗೆ ಓದಿದಳು: "ಲಿಕ್ವಿಡ್‌ದು ಶೇಪ್ ಚೇಂಜ್ ಆಗ್ತದೆ. ಲೇಕಿನ್ ಎಷ್ಟಿದೆಯೋ ಅಷ್ಟೇ ಇರ್ತದೆ. ಜಾಸ್ತಿ ಆಗೋದಿಲ್ಲ."

ಅಚ್ಚಾದ ಅಕ್ಷರವೆಂದರೆ ನನಗೆ ಚಿಕ್ಕಂದಿನಿಂದಲೂ ಭಯಭಕ್ತಿ. ಈಗ ನಡೆದದ್ದನ್ನು ನೋಡಿ. ಹಿಟ್ಟಿನ ಪಾತ್ರೆಯನ್ನು ಅರ್ಧಕ್ಕಿಂತ ಹೆಚ್ಚು ತುಂಬಬಾರದು, ಅಡಿಗೊಂದು ತಟ್ಟೆ ಇಡಬೇಕು, ಮುಚ್ಚಳ ಬಿಗಿಯಬಾರದು. ಇದು ನನ್ನ ಕೈಗೆ ಮದುವೆಗೂ ಮೊದಲಿನಿಂದ ಗೊತ್ತು. ಆದರೆ ಮರುದಿನ ಬೆಳಿಗ್ಗೆ, ಫ್ರಿಜ್ಜಿನಲ್ಲಿ ತಣ್ಣಗೆ ಮಲಗಿದ್ದ ಹಿಟ್ಟನ್ನು ಸ್ಟೀಲ್ ಡಬ್ಬಿಗೆ ಕಂಠಮಟ್ಟ ತುಂಬಿ, ಚೆಲ್ಲದಿರಲೆಂದು ಮುಚ್ಚಳವನ್ನು ಅಂಗೈಯಿಂದ ಒತ್ತಿ ಕೂರಿಸಿದೆ. ದ್ರವ ಎಂದಮೇಲೆ ಗಾತ್ರ ಬದಲಾಗುವುದಿಲ್ಲವಲ್ಲ! ನಿನ್ನೆಯವರೆಗೆ ಅದು ಹಿಟ್ಟಾಗಿತ್ತು. ಇವತ್ತು ಪುಸ್ತಕದ ಪ್ರಕಾರ ದ್ರವ.

ಮಧ್ಯಾಹ್ನ ಬಟ್ಟೆ ಒಣಗಿಸುವಾಗ ಬಿಸಿಲು ಬೆನ್ನಿಗೆ ಚುರ್ ಎಂದಿತು. ಆಗ ನೆನಪಾಯಿತು, ಸೆಖೆಗೆ ಹಿಟ್ಟು ಉಬ್ಬುತ್ತದೆ. ಕೈಯಲ್ಲಿದ್ದ ಚಾದರ ಕೆಳಗಿನ ಮನೆಯವರ ಕಿಟಕಿಗೆ ಬಿತ್ತು. ಶಾಲೆಗೆ ಫೋನ್ ಮಾಡುವಷ್ಟು ಹಿಂದಿ, ಧೈರ್ಯ ಎರಡೂ ನನ್ನಲ್ಲಿಲ್ಲ. ಮಗುವಿನ ಮಾತು ಇನ್ನು ಜನ್ಮದಲ್ಲಿ ಹೊರಬಾರದಂತೆ ನಾನೇ ಮಾಡಿದೆನಲ್ಲ ಎಂದುಕೊಂಡು ಬಿಲ್ಡಿಂಗಿನ ಗೇಟಿಗೆ ಹೋಗಿ ನಿಂತೆ.

ಬಸ್ಸಿನಿಂದ ಇಳಿದವಳ ಯೂನಿಫಾರ್ಮಿನ ಮೇಲೆ ಹಿಟ್ಟು ಬಿಳಿ ಬಿಳಿಯಾಗಿ ಒಣಗಿತ್ತು. ಅವಳು ಮಾತಾಡಲು ಶುರುಮಾಡಿದಳು. ಲಿಫ್ಟಿನಲ್ಲೂ ನಿಲ್ಲಿಸಲಿಲ್ಲ, ಶೂ ಬಿಚ್ಚುವಾಗಲೂ ನಿಲ್ಲಿಸಲಿಲ್ಲ.

ಹೆಸರು ಕರೆದಾಗ ಎದ್ದು ನಿಂತಳಂತೆ. ಮಾತು ಬರಲಿಲ್ಲವಂತೆ. ಹಿಂದಿನಿಂದ ಯಾರೋ "ಮ್ಯೂಟ್ ಬಟನ್" ಎಂದರಂತೆ. ಅಷ್ಟರಲ್ಲಿ ಡಬ್ಬಿಯ ಮುಚ್ಚಳ ಠಪ್ಪೆಂದು ಹಾರಿ, ಹಿಟ್ಟು ನೊರೆನೊರೆಯಾಗಿ ಮೇಜಿನ ಮೇಲೆ ಇಳಿಯಿತಂತೆ. ಮಕ್ಕಳೆಲ್ಲ ಮೂಗು ಮುಚ್ಚಿಕೊಂಡು "ಛೀ, ಸಡ್ ಗಯಾ!" ಎಂದು ಕಿರುಚಿದರಂತೆ. ಕೊಳೆತಿದೆ ಎಂದರೆ ಯಾರಿಗೆ ಸಿಟ್ಟು ಬರುವುದಿಲ್ಲ?

"ನಾನು ಜೋರಾಗಿ ಹೇಳ್ದೆ ಅಜ್ಜಿ, ಸಡಾ ನಹೀ ಹೈ! ಯೇ ಇಡ್ಲಿ ಹೈ, ಬಸ್ ಅಭೀ ಬನೀ ನಹೀ!"

ಇದು ಇಡ್ಲಿಯೇ, ಇನ್ನೂ ಬೆಂದಿಲ್ಲ ಅಷ್ಟೆ ಎಂದು! ಆಮೇಲೆ ಅಕ್ಕಿ, ಉದ್ದು, ರುಬ್ಬುವುದು, ಉಬ್ಬುವುದು, ಪಾತ್ರೆಯಡಿಯ ತಟ್ಟೆ ಎಲ್ಲವನ್ನೂ ಹೇಳಿದಳಂತೆ. ಟೀಚರ್ ಸೆರಗಿಗೆ ತಗಲಿದ ಹಿಟ್ಟು ಒರೆಸುತ್ತ, ಹಾಗಾದರೆ ಇದು ಸಾಲಿಡ್ಡೋ, ಲಿಕ್ವಿಡ್ಡೋ, ಗ್ಯಾಸೋ ಎಂದು ಕೇಳಿದರಂತೆ.

"ನೀ ಎಂತ ಹೇಳಿದೆ?"

"ಪತಾ ನಹೀ ಮಿಸ್, ಮೇರೀ ಅಜ್ಜಿ ಕೋ ಭೀ ನಹೀ ಪತಾ, ಅಂತ."

ತರಗತಿಯೆಲ್ಲ ನಕ್ಕಿತಂತೆ, ಇವಳೂ ನಕ್ಕಳಂತೆ. ಅಜ್ಜಿಗೂ ಗೊತ್ತಿಲ್ಲ ಎಂದು ನನ್ನ ಅಜ್ಞಾನ ಇಡೀ ಶಾಲೆಗೆ ಹರಡಿತು. "ಹೇಳ್ಲಿಕ್ಕೆ ಬೇರೆ ಎಂತದೂ ಸಿಗ್ಲಿಲ್ವಾ ಮಾರಾಯ್ತಿ?" ಎಂದೆ. "ಸಚ್ ತೋ ಹೈ, ನಿಜಾನೇ ಅಲ್ವಾ," ಎಂದಳು.

ನಾಚಿಕೆಪಡಬೇಕೋ ಹಿಗ್ಗಬೇಕೋ ಎಂದು ಆಗಿನಿಂದ ಯೋಚಿಸುತ್ತಿದ್ದೇನೆ. ಜೊತೆಗೆ ಇನ್ನೊಂದು ಪ್ರಶ್ನೆ ಸೇರಿಕೊಂಡಿದೆ. ಗಂಟಲಲ್ಲಿ ಕೂತ ಮಾತು ಈ ಮೂರರಲ್ಲಿ ಯಾವುದು? ನನ್ನಲ್ಲಿ ಅದು ಇಷ್ಟು ವರ್ಷ ಕಲ್ಲಾಗಿ ಕೂತಿತ್ತು. ಅವಳಲ್ಲಿ ಒಂದು ಮಧ್ಯಾಹ್ನದ ಸೆಖೆಗೆ ಉಕ್ಕಿಬಿಟ್ಟಿತು. ಪುಸ್ತಕದಲ್ಲಿ ಹುಡುಕು ಎಂದರೆ, ಆ ಪಾಠ ಮುಗಿಯಿತು ಎನ್ನುತ್ತಾಳೆ.

ಶಾಲೆಯಿಂದ ಕರೆ ಬಂದಿದೆ. ನಾನೇ ಹೋಗಿ ಹಿಟ್ಟು ಉಬ್ಬುವುದನ್ನು ಮಕ್ಕಳಿಗೆ ತೋರಿಸಬೇಕಂತೆ. ಮಾತಾಡುವುದು ನನ್ನಿಂದ ಆಗದು ಎಂದೆ. ನಿಧಿ ನನ್ನ ಕೈ ಹಿಡಿದು, "ನೀನು ಬಾ ಅಜ್ಜಿ. ಬೋಲ್ನೇ ಕಾ ಕಾಮ್ ಮೇರಾ, ಮಾತು ನಾನು ಆಡ್ತೇನೆ," ಎಂದಳು.

ಹೋಗುವುದೋ ಬಿಡುವುದೋ ಇನ್ನೂ ತಿಳಿಯುತ್ತಿಲ್ಲ. ಉದ್ದು ನೆನೆಹಾಕಿದ್ದೇನೆ. ಡಬ್ಬಿ ಮಾತ್ರ ದೊಡ್ಡದನ್ನೇ ತೆಗೆದಿಟ್ಟಿದ್ದೇನೆ.